ಘಾರಾಪುರಿಯ ಕಲ್ಮನೆಯಲ್ಲಿ ಮಕ್ಕಳೊಡನೆ ಒಂದು ದಿನ

ಮುಂಬಯಿಯಲ್ಲಿ ನೆಲಸಿರುವ ಕನ್ನಡ ಸಂಸಾರಗಳಿಗೆ ರಜೆಯೆಂದರೆ ಊರು. ಶಾಲೆಗೆ ರಜೆ ಬಿದ್ದೊಡನೆ ರೈಲಿನ ಟಿಕೆಟ್ಟು, ಅಜ್ಜಿಯ ಮನೆ, ಒಂದೆರಡು ಮದುವೆ, ಕುಲದೇವರ ದರ್ಶನ. ಇಷ್ಟರಲ್ಲಿ ರಜೆ ಮುಗಿದೇ ಹೋಗುತ್ತದೆ. ಇದು ಬೇಡವೆಂದು ನಾವು ಹೇಳುವುದಿಲ್ಲ. ಊರಿನ ನಂಟು ಉಳಿಯುವುದೇ ಹೀಗೆ. ಆದರೆ ವರ್ಷದಲ್ಲಿ ಎರಡು ಮೂರು ದಿನಗಳ ಸಣ್ಣ ರಜೆಗಳೂ ಬರುತ್ತವೆ. ಊರಿಗೆ ಹೋಗಿಬರಲು ಸಾಲವು, ಮನೆಯಲ್ಲಿ ಕಳೆಯಲು ಹೆಚ್ಚು. ಅಂಥದೊಂದು ಚಳಿಗಾಲದ ರಜೆಯಲ್ಲಿ ನೆರೆಮನೆಯವರನ್ನೂ ಕೂಡಿಸಿಕೊಂಡು, ನಾಲ್ವರು ಹಿರಿಯರು ನಾಲ್ವರು ಮಕ್ಕಳು, ಘಾರಾಪುರಿಗೆ ಹೋಗಿಬಂದೆವು. ಪರದೇಶದ ಪ್ರವಾಸಿಗಳು ಸಾವಿರಾರು ಮೈಲಿ ದಾಟಿ ಬಂದು ನೋಡುವ ಈ ಎಲಿಫೆಂಟಾ ದ್ವೀಪವನ್ನು ಹತ್ತೇ ಕಿಲೋಮೀಟರು ದೂರದಲ್ಲಿರುವ ನಮ್ಮವರಲ್ಲಿ ಎಷ್ಟೋ ಮಂದಿ ಕಂಡಿಲ್ಲ. ಅವರಿಗಾಗಿ ಈ ನಾಲ್ಕು ಮಾತು.

ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ದಾರಿ. ದೋಣಿ ಹತ್ತಿದೊಡನೆ ಮಾಡಬೇಕಾದ ಮೊದಲ ಕೆಲಸ ಮಕ್ಕಳಿಗೆ ಲೈಫ್ ಜಾಕೆಟ್ ತೊಡಿಸುವುದು. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ಪ್ರಯಾಣಿಕರ ದೋಣಿಗೆ ಇನ್ನೊಂದು ವೇಗದ ದೋಣಿ ಬಡಿದು ಹದಿಮೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಹೆದರಿ ಮನೆಯಲ್ಲಿ ಕೂಡಬೇಕೆಂದು ಇದರ ಅರ್ಥವಲ್ಲ. ಮಕ್ಕಳು ಸೆಕೆಯೆಂದರೂ ಕೇಳದೆ ಜಾಕೆಟ್ಟಿನ ಪಟ್ಟಿಗಳನ್ನು ನಾವೇ ಬಿಗಿದು ಕಟ್ಟಬೇಕೆಂದಷ್ಟೆ. ಅನಂತರ ಸಮುದ್ರವೇ ಅವರನ್ನು ನೋಡಿಕೊಳ್ಳುತ್ತದೆ. ಹಿಂದೆ ಬರುವ ಕಡಲಹಕ್ಕಿಗಳ ಹಿಂಡು, ಲಂಗರು ಹಾಕಿದ ಭಾರಿ ಹಡಗುಗಳು, ಎಣ್ಣೆಯ ಹಡಗುಗಳು ಬಂದು ನಿಲ್ಲುವ ಜವಾಹರ ದ್ವೀಪ, ಇವುಗಳನ್ನು ನೋಡುತ್ತ ಗಂಟೆ ಕಳೆದದ್ದು ತಿಳಿಯಲಿಲ್ಲ.

ದೋಣಿಕಟ್ಟೆಯಿಂದ ಬೆಟ್ಟದ ಬುಡದವರೆಗೆ ಆಟಿಕೆಯಂಥ ಪುಟ್ಟ ರೈಲು ಉಂಟು. ಅಲ್ಲಿಂದ ಮೇಲಕ್ಕೆ ನೂರಿಪ್ಪತ್ತರಷ್ಟು ಮೆಟ್ಟಿಲು. ಎರಡು ಮಗ್ಗುಲಲ್ಲೂ ಸರ, ಬಳೆ, ಕಲ್ಲಿನ ಬೊಂಬೆಗಳ ಅಂಗಡಿಗಳು; ಹೆಂಗಸರು ಮಕ್ಕಳಿರುವ ಸಂಸಾರವು ಈ ಮೆಟ್ಟಿಲುಗಳನ್ನು ಹತ್ತಲು ಎಷ್ಟು ಹೊತ್ತು ಹಿಡಿಯುತ್ತದೆಂಬುದನ್ನು ಹೇಳಬೇಕಾಗಿಲ್ಲ. ಅಂಗಡಿಯವರಿಗಿಂತ ಚುರುಕಾದವು ಮಂಗಗಳು. ತಿಂಡಿಯ ಚೀಲ ಕೈಯಲ್ಲಿ ತೂಗಾಡುತ್ತಿದ್ದರೆ ಅದು ನಿಮ್ಮದಲ್ಲವೆಂದೇ ತಿಳಿಯಿರಿ.

‘ಆನೆ ಎಲ್ಲಿ?’ ಎಂದು ನಮ್ಮ ಕಿರಿಯ ಮಗ ದೋಣಿ ಇಳಿದಾಗಿನಿಂದ ಕೇಳುತ್ತಿದ್ದ. ಕೇಳಬೇಕಾದ ಪ್ರಶ್ನೆಯೇ. ಪೋರ್ತುಗೀಸರು ಬಂದಾಗ ದ್ವೀಪದ ದಕ್ಷಿಣದ ದಡದ ಬಳಿ ದೊಡ್ಡದೊಂದು ಕಲ್ಲಾನೆ ನಿಂತಿತ್ತು. ಅದನ್ನು ಕಂಡೇ ಅವರು ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟರು. 1814ರ ಹೊತ್ತಿಗೆ ಆನೆಯ ತಲೆ ಕತ್ತು ಕಳಚಿಬಿದ್ದವು. 1864ರಲ್ಲಿ ಅದನ್ನು ಸಾಗಿಸುವ ಪ್ರಯತ್ನದಲ್ಲಿ ಉಳಿದದ್ದೂ ಚೂರಾಯಿತು. ಆ ಚೂರುಗಳನ್ನು ಮುಂಬಯಿಗೆ ತಂದು, 1914ರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಭಾಯಖಳಾದ ಜೀಜಾಮಾತಾ ಉದ್ಯಾನದ ಪಕ್ಕದಲ್ಲಿ, ಭಾವೂ ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಇಂದಿಗೂ ಅದು ನಿಂತಿದೆ. ‘ಹಾಗಾದರೆ ಅದೂ ನಮ್ಮ ಹಾಗೆ ಊರು ಬಿಟ್ಟು ಮುಂಬಯಿಗೆ ಬಂದದ್ದು’ ಎಂದ ನೆರೆಮನೆಯ ಹುಡುಗ. ಎಲ್ಲರೂ ನಕ್ಕೆವು. ಮಾತೇನೋ ನಿಜವೇ.

ಇನ್ನು ಗುಹೆಯ ಮಾತು. ದ್ವೀಪದಲ್ಲಿ ಎರಡು ಬೆಟ್ಟಗಳಿವೆ. ಪಡುವಣ ಬೆಟ್ಟದಲ್ಲಿ ಐದು ಶೈವ ಗುಹೆಗಳು; ಮೂಡಣ ಬೆಟ್ಟದಲ್ಲಿ ಎರಡು ಬೌದ್ಧ ಗುಹೆಗಳೂ ಒಂದು ಹಳೆಯ ಸ್ತೂಪದ ಅವಶೇಷವೂ ಇವೆ. ಎಲ್ಲರೂ ನೋಡಲು ಬರುವುದು ಮೊದಲನೆಯ ಮಹಾಗುಹೆಯನ್ನು. ಬಡಗಣ ಬಾಗಿಲಿಂದ ಒಳಗೋಡೆಯವರೆಗೆ ಅದು 39 ಮೀಟರು. ಕ್ರಿ. ಶ. ಆರನೆಯ ಶತಮಾನದ ನಡುಭಾಗದ್ದು, ಕಳಚುರಿ ಅರಸರ ಕಾಲದ್ದು ಎಂಬುದು ಬಹುಮಂದಿ ವಿದ್ವಾಂಸರ ಮತ. 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

‘ಇಷ್ಟು ದೊಡ್ಡ ಕಂಬಗಳನ್ನು ಬೆಟ್ಟದ ಮೇಲಕ್ಕೆ ಹೇಗೆ ತಂದರು?’ ಎಂದಳು ನಮ್ಮ ಮಗಳು. ತರಲಿಲ್ಲ, ಬಿಟ್ಟರು. ಬೆಟ್ಟದ ಹೊಟ್ಟೆಯಿಂದ ಬೇಡದ ಕಲ್ಲನ್ನೆಲ್ಲ ಕೆತ್ತಿ ತೆಗೆದು, ಬೇಕಾದಲ್ಲಿ ಕಂಬದ ಗಾತ್ರದ ಕಲ್ಲನ್ನು ಬಿಟ್ಟುಕೊಂಡು ಹೋದರು. ಕಟ್ಟಡದಲ್ಲಿ ಒಂದು ಕಲ್ಲು ಕೆಟ್ಟರೆ ಬೇರೆ ತರಬಹುದು; ಇಲ್ಲಿ ಉಳಿ ಜಾರಿದರೆ ತಿದ್ದುವಂತಿಲ್ಲ. ಈ ಮಾತು ತಿಳಿದ ಮೇಲೆ ಮಕ್ಕಳು ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಒಡೆದುಹೋದ ಕಂಬಗಳಲ್ಲಿ ಕೆಲವನ್ನು ಈಚಿನವರು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಯಾವುದು ಹಳೆಯದು, ಯಾವುದು ಹೊಸದು ಎಂದು ಗುರುತಿಸುವುದೇ ಅವರಿಗೊಂದು ಆಟವಾಯಿತು.

ಎದುರಿನ ಗೋಡೆಯಲ್ಲಿ ಹದಿನೇಳು ಅಡಿಗೂ ಮೀರಿದ ಎತ್ತರದ ಮೂರು ಮುಖಗಳ ಮೂರ್ತಿ. ಜನ ತ್ರಿಮೂರ್ತಿಯೆಂದು ಕರೆಯುವುದು ರೂಢಿ. ಬ್ರಹ್ಮ ವಿಷ್ಣು ಮಹೇಶ್ವರರೆಂದು ಹೇಳುವವರೂ ಉಂಟು. ಆದರೆ ಮೂರೂ ಶಿವನ ಮುಖಗಳೇ. ಇದು ಸದಾಶಿವ ಮೂರ್ತಿ. ನೋಡುವವರ ಎಡಕ್ಕೆ ಮೀಸೆ ಹೊತ್ತ, ಹುಬ್ಬು ಗಂಟಿಕ್ಕಿದ ಅಘೋರ. ಬಲಕ್ಕೆ ಕಮಲ ಹಿಡಿದ, ಹೆಣ್ಣಿನ ಮೃದುತ್ವವುಳ್ಳ ಮುಖ. ನಡುವೆ ಕಣ್ಣುಮುಚ್ಚಿದ ಶಾಂತಿ. ಸದಾಶಿವನಿಗೆ ಐದು ಮುಖ. ಉಳಿದೆರಡನ್ನು ನೋಡುವವನೇ ಮನಸ್ಸಿನಲ್ಲಿ ಕೂಡಿಸಿಕೊಳ್ಳಬೇಕು. ಆವರೆಗೆ ಓಡಿ ಕೂಗಿ ಗುಹೆಯನ್ನೆಲ್ಲ ಮೊಳಗಿಸುತ್ತಿದ್ದ ನಾಲ್ಕು ಮಕ್ಕಳೂ ಇಲ್ಲಿ ತಾವಾಗಿಯೇ ಸುಮ್ಮನಾದರು. ನಾವು ಯಾರೂ ಗದರಿಸಲಿಲ್ಲ.

ಈ ಮೂರ್ತಿಯ ಎಡಕ್ಕೆ ಅರ್ಧನಾರೀಶ್ವರ, ಬಲಕ್ಕೆ ಗಂಗಾಧರ. ಸುತ್ತಲಿನ ಗೋಡೆಗಳಲ್ಲಿ ಶಿವಪಾರ್ವತಿಯರ ಕಲ್ಯಾಣ, ಕೈಲಾಸವನ್ನೆತ್ತುವ ರಾವಣ, ಅಂಧಕಾಸುರನ ವಧೆ, ಯೋಗೀಶ್ವರ, ನಟರಾಜ. ಆದರೆ ಒಂದನ್ನು ಮಕ್ಕಳಿಗೆ ಮೊದಲೇ ಹೇಳಿಟ್ಟಿರಬೇಕು: ಇಲ್ಲಿ ಹೆಚ್ಚಿನ ಮೂರ್ತಿಗಳು ಭಗ್ನ. ರಾವಣನ ತಲೆಗಳು ಹೋಗಿವೆ; ಅಂಧಕನನ್ನು ಕೊಲ್ಲುವ ಶಿವನಿಗೆ ಕಾಲಿಲ್ಲ; ನಟರಾಜನ ಕೈಕಾಲುಗಳು ಮುರಿದಿವೆ. ಪೋರ್ತುಗೀಸ್ ಸಿಪಾಯಿಗಳು ಇವುಗಳನ್ನು ಗುಂಡಿನ ಗುರಿಯಾಗಿಸಿಕೊಂಡಿದ್ದರೆಂದು ಹೇಳುತ್ತಾರೆ. ನೀರಿನ ಸೆಲೆಯೂ ಕಾಲವೂ ತಮ್ಮ ಪಾಲಿನ ಕೆಲಸವನ್ನು ಮಾಡಿವೆ.

ಆಗ ನಮ್ಮ ಮನೆಯಾಕೆ ಒಂದು ಉಪಾಯ ಹೂಡಿದಳು. ಪ್ರತಿಯೊಂದು ಶಿಲ್ಪದ ಮುಂದೆ ಮಕ್ಕಳನ್ನು ನಿಲ್ಲಿಸಿ, ‘ಇಲ್ಲಿ ಏನು ಇಲ್ಲ, ಹೇಳಿ ನೋಡೋಣ’ ಎಂದಳು. ಏನಿದೆ ಎಂದು ಕೇಳಿದರೆ ಒಂದು ನಿಮಿಷದಲ್ಲಿ ಬೇಸರಪಡುವ ಮಕ್ಕಳು, ಏನಿಲ್ಲ ಎಂದದ್ದಕ್ಕೆ ಕಾಲು ಗಂಟೆ ನಿಂತು ನೋಡಿದರು. ನಟರಾಜನ ತುಂಡುತೋಳುಗಳನ್ನು ಎಣಿಸಿದರು. ಮುರಿದ ಕಾಲು ಎಲ್ಲಿಗೆ ಬಾಗಿದ್ದೀತೆಂದು ತಾವೇ ಕುಣಿದು ತೋರಿಸಿದರು. ಅವನ ತೋಳುಗಳು ಎಂಟು. ನಮ್ಮ ಬಾದಾಮಿಯ ಮೊದಲನೆಯ ಗುಹೆಯ ಬಳಿಯ ನಟರಾಜನಿಗೆ ಹದಿನೆಂಟು ತೋಳು, ಒಂದೊಂದೂ ಎದ್ದು ಕಾಣುತ್ತದೆ ಎಂದೆವು. ಮುಂದಿನ ಬೇಸಿಗೆಗೆ ಬಾದಾಮಿಗೆ ಹೋಗಲೇಬೇಕೆಂಬ ಠರಾವು ಅಲ್ಲಿಯೇ ಪಾಸಾಯಿತು.

ಈ ಎರಡು ಸ್ಥಳಗಳನ್ನು ಕುರಿತು ಇಲ್ಲಿ ಸ್ವಲ್ಪ ಹೇಳಬೇಕು. ಘಾರಾಪುರಿಯದು ಕರಿಯ ಕಲ್ಲು, ಬಾದಾಮಿಯದು ಕೆಂಪು ಮರಳುಗಲ್ಲು. ಎರಡೂ ಒಂದೇ ಶತಮಾನದ ಕೆಲಸ. ಆದರೆ ಬಾದಾಮಿಯ ಮೂರನೆಯ ಗುಹೆಯನ್ನು ಮಂಗಳೇಶನು ಮಾಡಿಸಿದನೆಂದೂ ಅದು ಕ್ರಿ. ಶ. 578ರದೆಂದೂ ನಾವು ಧೈರ್ಯವಾಗಿ ಹೇಳುತ್ತೇವೆ. ಏಕೆಂದರೆ ಅಲ್ಲಿ ಶಾಸನವಿದೆ. ಸಂಸ್ಕೃತದ ಆ ಶಾಸನವಲ್ಲದೆ ಕನ್ನಡದ ಪುಟ್ಟ ಶಾಸನವೂ ಅಲ್ಲಿದೆ. ಅದರಲ್ಲಿ ಗುಹಾದೇವಾಲಯಕ್ಕೆ ‘ಕಲ್ಮನೆ’ ಎಂಬ ಹೆಸರು. ಎಷ್ಟು ಸೊಗಸಾದ ಮಾತು! ಹದಿನಾಲ್ಕು ಶತಮಾನಗಳು ಕಳೆದರೂ ನಮ್ಮ ಆರು ವರ್ಷದ ಹುಡುಗನಿಗೆ ಅದರ ಅರ್ಥ ಹೇಳಿಕೊಡಬೇಕಾಗಲಿಲ್ಲ.

ಘಾರಾಪುರಿಯಲ್ಲೂ ಒಂದು ಶಾಸನವಿತ್ತು. 1534ರಲ್ಲಿ ದ್ವೀಪ ಗುಜರಾತಿನ ಸುಲ್ತಾನನಿಂದ ಪೋರ್ತುಗೀಸರ ಕೈಸೇರಿತು. ಅವರು ಆ ಬರೆಹದ ಕಲ್ಲನ್ನು ಕಿತ್ತು, ಓದಬಲ್ಲವರನ್ನು ಹುಡುಕಿದರಂತೆ. ಈ ನಾಡಿನಲ್ಲಿ ಒಬ್ಬನೂ ಸಿಗಲಿಲ್ಲವಂತೆ. ಕೊನೆಗೆ ಅದನ್ನು ಪೋರ್ತುಗಾಲದ ದೊರೆಗೆ ಕಳಿಸಿದರು. ಅಲ್ಲಿಯೂ ಓದುವವರು ದೊರೆಯಲಿಲ್ಲ, ಕಲ್ಲು ಕಣ್ಮರೆಯಾಯಿತು. ಪೋರ್ತುಗೀಸ್ ಚರಿತ್ರಕಾರ ದಿಯೋಗೊ ದೊ ಕೌತೊ ಇದನ್ನು ಬರೆದಿಟ್ಟಿದ್ದಾನೆ. ಕಚೇರಿಯಲ್ಲಿ ಕಡತಗಳ ನಡುವೆ ಬದುಕುವ ನಮಗೆ ಇದರ ನಷ್ಟ ಚೆನ್ನಾಗಿ ಅರ್ಥವಾಗುತ್ತದೆ. ಕಡತ ಕಳೆದರೆ ಆಸ್ತಿ ಕಣ್ಣೆದುರಿಗಿದ್ದರೂ ಅದು ಯಾರದೆಂದು ಹೇಳುವಂತಿಲ್ಲ. ಇಷ್ಟು ದೊಡ್ಡ ಕೆಲಸ ಮಾಡಿಸಿದವನ ಹೆಸರನ್ನು ಇಂದಿಗೂ ಊಹಿಸಬೇಕಾಗಿದೆ.

ಎಲ್ಲರೂ ಪೋರ್ತುಗೀಸರನ್ನು ಬೈಯುತ್ತಾರೆ; ಬೈಯಲಿ. ಆದರೆ ಕಲ್ಲು ಕಳೆಯುವುದಕ್ಕೆ ಎಷ್ಟೋ ಮೊದಲು ಓದುವವರು ಕಳೆದಿದ್ದರೆಂಬುದನ್ನೂ ನೆನೆಯಬೇಕು. ಅದನ್ನು ಯಾರೂ ಕದ್ದೊಯ್ಯಲಿಲ್ಲ. ಒಂದು ತಲೆಮಾರು ಮುಂದಿನ ತಲೆಮಾರಿಗೆ ಕಲಿಸುವುದನ್ನು ಬಿಟ್ಟಿತು, ಅಷ್ಟೆ.

ಪರನಾಡಿನಲ್ಲಿರುವ ನಮ್ಮ ಮನೆಗಳಲ್ಲಿ ಇದೇ ನಡೆಯುತ್ತಿದೆ. ಆ ದಿನ ನಮ್ಮೊಡನಿದ್ದ ನಾಲ್ಕು ಮಕ್ಕಳೂ ಕನ್ನಡ ಆಡುತ್ತಾರೆ. ನಾಗರಿ ಲಿಪಿಯ ಫಲಕಗಳನ್ನು ಓದಿದರು, ಇಂಗ್ಲಿಷಿನವನ್ನು ಇನ್ನೂ ಬೇಗ ಓದಿದರು. ಕನ್ನಡದ ಫಲಕವಿದ್ದಿದ್ದರೆ ನಾಲ್ವರಲ್ಲಿ ಒಬ್ಬಳು ಮಾತ್ರ, ಅದೂ ಕೂಡಿಸಿ ಕೂಡಿಸಿ, ಓದುತ್ತಿದ್ದಳು. ಊರಿನಿಂದ ಅಜ್ಜಿ ಬರೆದ ಕಾಗದ ಇವರ ಪಾಲಿಗೆ ಪೋರ್ತುಗಾಲಕ್ಕೆ ಹೋದ ಕಲ್ಲಿನಂತೆಯೇ.

ಊಟದ ಹೊತ್ತಿಗೆ ಇನ್ನೊಂದು ಪ್ರಶ್ನೆ ಎದ್ದಿತು. ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಕವಿ ರವಿಕೀರ್ತಿ ಐಹೊಳೆಯ ಮೇಗುಟಿಯಲ್ಲಿ ಕ್ರಿ. ಶ. 634ರಲ್ಲಿ ಕೆತ್ತಿಸಿದ. ಪುಲಕೇಶಿ ನೂರಾರು ಹಡಗುಗಳೊಡನೆ ಬಂದು, ಪಡುಗಡಲಿನ ಲಕ್ಷ್ಮಿಯೆನಿಸಿದ ಪುರಿಯನ್ನು ಮುತ್ತಿದನೆಂದು ಅದರಲ್ಲಿದೆ. ಆ ಪುರಿ ಇದೇ ಘಾರಾಪುರಿಯೆಂದು ಕೆಲವು ವಿದ್ವಾಂಸರು ಹೇಳಿದರೆ, ಬೇರೆಯೆಂದು ಇನ್ನು ಕೆಲವರು ವಾದಿಸುತ್ತಾರೆ. ಇಷ್ಟನ್ನು ಹೇಳಿದೊಡನೆ ಮಗಳು ಚಪಾತಿ ಕೆಳಗಿಟ್ಟು, ‘ಅಪ್ಪಾ, ಪುಲಕೇಶಿ ಇಲ್ಲಿಗೆ ಬಂದದ್ದು ಶಿವನನ್ನು ನೋಡೋದಕ್ಕಾ?’ ಎಂದಳು.

‘ಅಲ್ಲಮ್ಮ, ಗೆಲ್ಲೋದಕ್ಕೆ.’

‘ಹಾಗಾದರೆ ನಾವು ಇಲ್ಲಿಯವರಿಗೆ ಶತ್ರುಗಳಾ? ನನ್ನ ಗೆಳತಿಯರೆಲ್ಲ ಮರಾಠಿಯವರು.’

ಮಕ್ಕಳ ಮುಂದೆ ನಮ್ಮ ಅರಸರ ಪೌರುಷವನ್ನು ಹೊಗಳುವುದು ಸುಲಭ. ಇಂಥ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ನಾವು ಹೇಳಿದ್ದಿಷ್ಟು: ಅರಸರು ಬಂದರು, ಹೋದರು. ಮೌರ್ಯರನ್ನು ಚಾಲುಕ್ಯರು ಗೆದ್ದರು, ಚಾಲುಕ್ಯರನ್ನು ರಾಷ್ಟ್ರಕೂಟರು ಗೆದ್ದರು. ಕಲ್ಲುಕುಟಿಗರು ಮಾತ್ರ ಎಲ್ಲಿ ಬೆಟ್ಟ ಸಿಕ್ಕಿತೋ ಅಲ್ಲಿ ಕೆತ್ತಿದರು. ಈ ಗುಹೆಯಂಥದೇ ಇನ್ನೊಂದು ಎಲ್ಲೋರದಲ್ಲಿದೆ. ಅದೇ ಎಲ್ಲೋರದಲ್ಲಿ ರಾಷ್ಟ್ರಕೂಟ ಕೃಷ್ಣನ ಕಾಲದ ಕೈಲಾಸವೂ ಇದೆ. ಈ ನೆಲ ನಮಗೆ ಅನ್ನ ಕೊಟ್ಟಿದೆ, ನಿನಗೆ ಗೆಳತಿಯರನ್ನು ಕೊಟ್ಟಿದೆ. ಈ ಶಿವ ಅವರವನೂ ಹೌದು, ನಮ್ಮವನೂ ಹೌದು. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ಮುಂದಿನ ಸಲ ಅವರನ್ನೂ ಕರೆದುಕೊಂಡು ಬರೋಣ’ ಎಂದಳು. ನಮ್ಮ ಉತ್ತರಕ್ಕಿಂತ ಅದೇ ಮೇಲಾಗಿತ್ತು.

ದ್ವೀಪದಲ್ಲಿ ಊರೂ ಇದೆಯೆಂಬುದನ್ನು ಪ್ರವಾಸಿಗಳು ಮರೆಯುತ್ತಾರೆ. ಶೇತಬಂದರ, ರಾಜಬಂದರ, ಮೋರಾಬಂದರ ಎಂಬ ಮೂರು ಹಳ್ಳಿಗಳು. ಎದುರಿಗೆ ಮುಂಬಯಿ ರಾತ್ರಿಯೆಲ್ಲ ಬೆಳಗುತ್ತಿದ್ದರೂ ಇಲ್ಲಿಗೆ ಸಮುದ್ರದ ತಳದ ಕೇಬಲಿನ ಮೂಲಕ ವಿದ್ಯುತ್ತು ಬಂದದ್ದು 2018ರ ಫೆಬ್ರವರಿಯಲ್ಲಿ. ಇದನ್ನು ಕೇಳಿದ ಮಕ್ಕಳಿಗೆ ಗುಹೆಗಿಂತ ಹೆಚ್ಚಿನ ಆಶ್ಚರ್ಯವಾಯಿತು.

ಹೋಗಬಯಸುವವರಿಗೆ ಕೆಲವು ಸೂಚನೆಗಳು. ಸೋಮವಾರ ಗುಹೆಗಳು ಮುಚ್ಚಿರುತ್ತವೆ. ಮಳೆಗಾಲದಲ್ಲಿ ಸಮುದ್ರ ಕೆರಳಿದರೆ ದೋಣಿ ಹೊರಡುವುದಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಹಿತವಾದ ಕಾಲ. ಬೆಳಗಿನ ಮೊದಲ ದೋಣಿಗಳಲ್ಲೇ ಹೊರಟರೆ ಬಿಸಿಲೂ ಕಡಿಮೆ, ಗದ್ದಲವೂ ಕಡಿಮೆ. ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಇಳಿಯುವಾಗಲೇ ಕೇಳಿಕೊಳ್ಳಿರಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುರಾತತ್ತ್ವ ಇಲಾಖೆಯ ಟಿಕೆಟ್ಟು ಬೇಕಿಲ್ಲ. ಮಂಡಿನೋವಿನ ಹಿರಿಯರನ್ನು ಮೆಟ್ಟಿಲುಗಳ ಮೇಲೆ ಕುರ್ಚಿಯಲ್ಲಿ ಹೊತ್ತೊಯ್ಯುವವರಿದ್ದಾರೆ. ದರವನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಸೂಚನೆ ನಮ್ಮದೇ. ಹೋಗುವ ಮುನ್ನ ಪ್ರತಿಯೊಂದು ಮಗುವಿಗೂ ಒಂದು ಪುಟ್ಟ ನೋಟುಬುಕ್ಕು ಕೊಟ್ಟು, ಹಿಂದಿರುಗಿದ ಮೇಲೆ ಕಂಡದ್ದನ್ನು ಕನ್ನಡದಲ್ಲಿ ಹತ್ತು ಸಾಲು ಬರೆಯಲು ಹೇಳಿ. ಅಕ್ಷರ ಬಾರದವರಿಗೆ ಪಕ್ಕದಲ್ಲಿ ಕುಳಿತು ಕಲಿಸಿ. ತಪ್ಪುಗಳಿರಲಿ, ತಿದ್ದಿದರಾಯಿತು. ನಮ್ಮ ಮನೆಯ ಕಿರಿಯವನು ಒಂದು ವಾರ ಹೆಣಗಾಡಿ ಒಂದೇ ಒಂದು ಮಾತು ಬರೆದಿದ್ದಾನೆ: ಕಲ್ಮನೆ. ‘ಲ’ಕಾರದ ಕೆಳಗಿನ ಮಕಾರದ ಒತ್ತು ಸ್ವಲ್ಪ ಸೊಟ್ಟಗಿದೆ, ಓದಲು ಮಾತ್ರ ಯಾವ ಅಡ್ಡಿಯೂ ಇಲ್ಲ.