ಹೆಸರು ಅವನದ್ದು, ಕೈ ಇನ್ಯಾರದ್ದೋ

ಇವತ್ತಿನ ಮಾತನ್ನ ಕಟ್ಟೆಮಳಲವಾಡಿಯಿಂದ ಶುರು ಮಾಡ್ತೀನಿ.

ಹುಣಸೂರು ತಾಲ್ಲೂಕಿನ ಊರು. ಹೊಗೆಸೊಪ್ಪು ಬೆಳೆಯೋರಿಗೆ ಆ ಹೆಸರು ಕೇಳಿದ ತಕ್ಷಣ ನೆನಪಾಗೋದು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ. ಅಲ್ಲಿಗೆ ಬರೋ ಪ್ರತಿ ಬೇಲ್‌ಗೂ ಲೆಕ್ಕ ಇರುತ್ತೆ. ಯಾವ ಕಾರ್ಡ್‌ದಾರನದ್ದು, ನೋಂದಣಿ ಸಂಖ್ಯೆ ಎಷ್ಟು, ಎಲ್ಲ ಬರೆದಿರುತ್ತೆ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಯಾವ ರೈತನಿಗೂ ಇನ್ನೊಂದು ವಿಷಯ ಗೊತ್ತು. ಬೇಲ್ ಬಂದಿರೋ ಕಾರ್ಡ್ ಒಬ್ಬರದ್ದು, ಸೊಪ್ಪು ಬೆಳೆದ ಹೊಲ ಇನ್ನೊಬ್ಬರದ್ದು ಆಗಿರಬಹುದು. ಕಾರ್ಡ್ ಇಲ್ಲದವರು ಕಾರ್ಡ್ ಇದ್ದವರ ಹೆಸರಲ್ಲಿ ಮಾರೋದು ಆ ಭಾಗಕ್ಕೆ ಹೊಸದಲ್ಲ. ಅಲ್ಲಿ ಒಂದು ಸಮಾಧಾನ ಅಂದ್ರೆ, ಹೆಸರು ಕೊಟ್ಟವನಿಗೆ ತನ್ನ ಹೆಸರು ಎಲ್ಲಿ ಹೋಗಿದೆ ಅನ್ನೋದು ಗೊತ್ತಿರುತ್ತೆ.

ಈಗ ಹೀಗೆ ಯೋಚನೆ ಮಾಡಿ. ನಿಮ್ಮನ್ನ ಕೇಳದೆ ಯಾರೋ ನಿಮ್ಮ ಹೆಸರು ತಗೊಂಡ್ರು. ಆ ಹೆಸರಲ್ಲಿ ಒಂದು ಇ-ಮೇಲ್ ಖಾತೆ ತೆರೆದ್ರು. ಅದರಿಂದ ಒಂದು ಶಾಲೆಗೆ, "ನಿಮ್ಮ ಕಟ್ಟಡದಲ್ಲಿ ಬಾಂಬ್ ಇಟ್ಟಿದ್ದೀನಿ" ಅಂತ ಬರೆದ್ರು. ಆ ಹೊತ್ತಿಗೆ ನೀವು ಮನೆಯಲ್ಲಿ ಕಾಫಿ ಕುಡೀತಾ ಕೂತಿದ್ದೀರಿ. ಪೊಲೀಸರು ಬಾಗಿಲು ತಟ್ಟೋವರೆಗೂ ನಿಮಗೆ ಏನೂ ಗೊತ್ತಿಲ್ಲ.

ಇದು ಸಿನಿಮಾ ಕಥೆ ಅಲ್ಲ. 2025ರಲ್ಲಿ ದೇಶದ ಸುಮಾರು 12 ರಾಜ್ಯಗಳ ಪೊಲೀಸರನ್ನ ಓಡಾಡಿಸಿದ ಪ್ರಕರಣ. ಅದರಲ್ಲಿ ನಮ್ಮ ಬೆಂಗಳೂರಿನ ಶಾಲೆಗಳೂ ಇದ್ದವು.

2025ರ ಜೂನ್ ತಿಂಗಳು. ಅಹಮದಾಬಾದ್‌ನ ನರೇಂದ್ರ ಮೋದಿ ಕ್ರೀಡಾಂಗಣಕ್ಕೆ, ಅಲ್ಲಿನ ಶಾಲೆಗಳಿಗೆ ಒಂದರ ಹಿಂದೆ ಒಂದು ಬೆದರಿಕೆ ಮೇಲ್. ಜೂನ್ 12ಕ್ಕೆ ಏರ್ ಇಂಡಿಯಾ ವಿಮಾನ ಬಿ.ಜೆ. ಮೆಡಿಕಲ್ ಕಾಲೇಜಿನ ಹಾಸ್ಟೆಲ್ ಮೇಲೆ ಬಿತ್ತು. ವಿಮಾನದಲ್ಲಿದ್ದ 242 ಜನರಲ್ಲಿ ಬದುಕಿದ್ದು ಒಬ್ಬರೇ. ಇಡೀ ದೇಶ ಆ ದುಃಖದಲ್ಲಿದ್ದಾಗ ಅದೇ ಮೆಡಿಕಲ್ ಕಾಲೇಜಿಗೆ ಇನ್ನೊಂದು ಮೇಲ್ ಬಂತು. ವಿಮಾನ ಬೀಳಿಸಿದ್ದು ನಾವೇ ಅನ್ನೋ ಅರ್ಥದ ಮೇಲ್ ಅದು. ಗುಜರಾತ್ ಒಂದಕ್ಕೇ ಹೀಗೆ 21 ಮೇಲ್ ಹೋಗಿದ್ದವು ಅಂತ ಪೊಲೀಸರು ಆಮೇಲೆ ಹೇಳಿದ್ರು.

ಜೂನ್ ಕೊನೆಯ ವಾರದ ಹೊತ್ತಿಗೆ ಅಹಮದಾಬಾದ್ ಸೈಬರ್ ಕ್ರೈಂ ಪೊಲೀಸರು ಚೆನ್ನೈನಲ್ಲಿ ಒಬ್ಬ ಯುವತಿಯನ್ನ ಬಂಧಿಸಿದ್ರು. ಓದಿದ್ದು ಎಂಜಿನಿಯರಿಂಗ್, ಒಳ್ಳೆ ಕೆಲಸ, ಒಳ್ಳೆ ಸಂಬಳ. ಭಯೋತ್ಪಾದಕರ ನಂಟು ಇಲ್ಲ. ಹಾಗಾದ್ರೆ ಯಾಕೆ ಮಾಡಿದ್ಲು?

ಪೊಲೀಸರು ಹೇಳಿದ ಕಾರಣ ಇದು. ಆಕೆಗೆ ಜೊತೆಯಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಯುವಕನ ಮೇಲೆ ಮನಸ್ಸಿತ್ತು. ಅವನಿಗೆ ಇರಲಿಲ್ಲ. 2025ರ ಫೆಬ್ರವರಿಯಲ್ಲಿ ಅವನು ಬೇರೆಯವರನ್ನ ಮದುವೆ ಆದ. ಅವನನ್ನ ಸಿಕ್ಕಿಸಬೇಕು ಅಂತ ಅವನ ಹೆಸರಿನ ನಕಲಿ ಖಾತೆಗಳು ತಯಾರಾದವು. ಬಾಂಬ್ ಎಲ್ಲೂ ಇರಲಿಲ್ಲ. ಮೇಲ್ ಹೋಗಿದ್ದು ಶಾಲೆಗೆ, ಕ್ರೀಡಾಂಗಣಕ್ಕೆ. ಗುರಿ ಮಾತ್ರ ಆ ಒಬ್ಬ ಯುವಕ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳ್ಬಿಡ್ತೀನಿ. ಇದು ಪೊಲೀಸರ ಆರೋಪ. ಸಾಬೀತಾಗಬೇಕಾದ್ದು ಕೋರ್ಟ್‌ನಲ್ಲಿ. ಅದಕ್ಕೇ ಆಕೆಯ ಹೆಸರನ್ನೂ ನಾನು ಹೇಳಲ್ಲ, ಆ ಯುವಕನ ಹೆಸರನ್ನೂ ಹೇಳಲ್ಲ. ಬೇಡದ ಜಾಗದಲ್ಲಿ ಹೆಸರು ಹಾಕಿದ್ರೆ ಏನಾಗುತ್ತೆ ಅನ್ನೋದೇ ಇವತ್ತಿನ ವಿಷಯ. ನಾನೇ ಅದನ್ನ ಮಾಡಿದ್ರೆ ಹೇಗೆ?

ಈಗ ತನಿಖೆ ಹೇಗಾಯ್ತು ನೋಡೋಣ. ನಾವೆಲ್ಲ ಕಲೀಬೇಕಾದ್ದು ಇಲ್ಲೇ ಇದೆ.

ಒಂದು ಮೇಲ್ ಬಂದಾಗ ಮೇಲ್ಗಡೆ ಕಳಿಸಿದವರ ಹೆಸರು ಕಾಣುತ್ತಲ್ಲ, ಅದಕ್ಕೆ ಬೆಲೆಯೇ ಇಲ್ಲ. ಖಾತೆ ತೆರೆಯೋವಾಗ ಯಾರು ಏನು ಬೇಕಾದ್ರೂ ಬರೀಬಹುದು. ನಾಳೆ ಬೆಳಗ್ಗೆ ನಿಮ್ಮ ಹೆಸರಲ್ಲಿ ಇನ್ನೊಬ್ಬ ಖಾತೆ ತೆರೆದ್ರೆ ಆಧಾರ್ ಕಾರ್ಡ್ ತೋರ್ಸು ಅಂತ ಅವನನ್ನ ಯಾರೂ ಕೇಳಲ್ಲ. ಪೊಲೀಸರು ನೋಡೋದು ಆ ಹೆಸರಿನ ಕೆಳಗೆ ಅಡಗಿರೋ ದಾರಿಯನ್ನ. ಮೇಲ್ ಯಾವ ಸರ್ವರ್‌ನಿಂದ ಹೊರಟಿತು, ಯಾವ ಐಪಿ ವಿಳಾಸದಿಂದ ಖಾತೆಗೆ ಲಾಗಿನ್ ಆಗಿದೆ, ಯಾವ ಹೊತ್ತಿನಲ್ಲಿ ಆಗಿದೆ. ಐಪಿ ವಿಳಾಸ ಅಂದ್ರೆ ಇಂಟರ್‌ನೆಟ್ ಸಂಪರ್ಕಕ್ಕೆ ಸಿಗೋ ಒಂದು ನಂಬರ್. ಅಂಚೆ ಕವರ್ ಮೇಲಿನ ಠಸ್ಸೆ ಇದ್ದ ಹಾಗೆ ಅನ್ಕೊಳ್ಳಿ. ಒಳಗಿನ ಕಾಗದದಲ್ಲಿ ಯಾರ ಸಹಿ ಬೇಕಾದ್ರೂ ಹಾಕಬಹುದು, ಕವರ್ ಯಾವ ಊರಿನ ಪೋಸ್ಟ್ ಆಫೀಸಲ್ಲಿ ಬಿತ್ತು ಅನ್ನೋದನ್ನ ಠಸ್ಸೆ ಹೇಳುತ್ತೆ.

ಈ ಪ್ರಕರಣದಲ್ಲಿ ಆ ಠಸ್ಸೆಯನ್ನೂ ಮರೆಮಾಚಿದ್ರು. ವಿಪಿಎನ್ ಬಳಸಿದ್ರು, ವರ್ಚುವಲ್ ನಂಬರ್ ಬಳಸಿದ್ರು. ವಿಪಿಎನ್ ಹಾಕಿದ್ರೆ ಚೆನ್ನೈನಲ್ಲಿ ಕೂತವರು ಇನ್ಯಾವುದೋ ದೇಶದಲ್ಲಿ ಇದ್ದ ಹಾಗೆ ಕಾಣುತ್ತೆ. ವರ್ಚುವಲ್ ನಂಬರ್ ಇದ್ರೆ ಸಿಮ್ ಕಾರ್ಡ್ ಇಲ್ಲದೆ ಖಾತೆ ತೆರೀಬಹುದು. ತಿಂಗಳುಗಟ್ಟಲೆ ಯಾರಿಗೂ ಸಿಗಲಿಲ್ಲ. ಕೊನೆಗೆ ಸಿಕ್ಕಿಬಿದ್ದಿದ್ದು ಒಂದು ಸಣ್ಣ ತಪ್ಪಿನಿಂದ. ಒಂದೇ ಕಂಪ್ಯೂಟರ್‌ನಿಂದ ಅಸಲಿ ಖಾತೆಗೂ ನಕಲಿ ಖಾತೆಗೂ ಲಾಗಿನ್ ಆಗಿತ್ತು ಅಂತ ಅಹಮದಾಬಾದ್ ಪೊಲೀಸರು ತಿಳಿಸಿದ್ರು. ಎರಡು ಖಾತೆಯ ಹೆಸರು ಬೇರೆ, ಯಂತ್ರ ಒಂದೇ. ಹರಾಜು ಮಾರುಕಟ್ಟೆ ಲೆಕ್ಕದಲ್ಲಿ ಹೇಳೋದಾದ್ರೆ, ಎರಡು ಕಾರ್ಡಿನ ಬೇಲ್‌ಗಳು ಒಂದೇ ಹೊಲದಿಂದ ಬಂದಿದ್ದು ಗೊತ್ತಾಯ್ತು.

ಬೆಂಗಳೂರಿನ ವಿಷಯಕ್ಕೆ ಬರೋಣ. ಅದೇ ಜೂನ್‌ನಲ್ಲಿ ಕಲಾಸಿಪಾಳ್ಯ ಠಾಣೆ ವ್ಯಾಪ್ತಿಯ ಒಂದು ಶಾಲೆಗೆ ಇಂಥದೇ ಮೇಲ್ ಬಂದಿತ್ತು. ಆ ದೂರಿನ ತನಿಖೆಯಲ್ಲಿ ಬೆಂಗಳೂರು ಪೊಲೀಸರು ಅದೇ ವರ್ಷದ ಕೊನೆ ಭಾಗದಲ್ಲಿ ಅದೇ ಯುವತಿಯನ್ನ ಅಹಮದಾಬಾದ್ ಜೈಲಿನಿಂದ ಬಾಡಿ ವಾರಂಟ್ ಮೇಲೆ ಕರೆತಂದ್ರು. ಬಾಡಿ ವಾರಂಟ್ ಅಂದ್ರೆ, ಒಂದು ಕೇಸಿನಲ್ಲಿ ಈಗಾಗಲೇ ಜೈಲಲ್ಲಿ ಇರೋರನ್ನ ಇನ್ನೊಂದು ಕೇಸಿನ ವಿಚಾರಣೆಗೆ ಕೋರ್ಟ್ ಮೂಲಕ ಕರೆಸಿಕೊಳ್ಳೋದು.

ಬಾಂಬ್ ಇರಲಿಲ್ಲ ತಾನೇ, ಏನಾಯ್ತೀಗ ಅಂತ ಕೆಲವರು ಕೇಳ್ತಾರೆ. ಏನಾಯ್ತು ಗೊತ್ತಾ? 2023ರ ಡಿಸೆಂಬರ್ 1ನ್ನ ನೆನಪು ಮಾಡ್ಕೊಳ್ಳಿ. ಅದು ಬೇರೆ ಪ್ರಕರಣ. ಆವತ್ತು ಬೆಂಗಳೂರು ಮತ್ತು ಸುತ್ತಮುತ್ತ 60ಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಬೆಳಗ್ಗೆ ಬೆದರಿಕೆ ಮೇಲ್ ಬಂತು. ಅಪ್ಪ ಅಮ್ಮಂದಿರು ಆಫೀಸ್ ಬಿಟ್ಟು ಓಡಿ ಬಂದ್ರು. ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಟಿವಿಯಲ್ಲಿ ಸುದ್ದಿ ನೋಡಿ ತಮ್ಮ ಮನೆ ಹತ್ತಿರದ ಶಾಲೆಗೆ ಹೋಗಿದ್ರು. ಎಲ್ಲವೂ ಹುಸಿ ಅಂತ ಆಮೇಲೆ ಗೊತ್ತಾಯ್ತು. ಆದರೆ ಆ ಎರಡು ಮೂರು ಗಂಟೆ ಆ ತಾಯಂದಿರಿಗೆ ಹುಸಿ ಆಗಿರಲಿಲ್ಲ.

ಅಂಥ ಗಾಬರಿಯ ಹೊತ್ತಲ್ಲಿ ಮೇಲ್‌ನ ಕೆಳಗೆ ಒಬ್ಬನ ಹೆಸರು ಇತ್ತು ಅಂದ್ಕೊಳ್ಳಿ. ನಾವು ಚಾನೆಲ್‌ನವರು ಏನು ಮಾಡ್ತೀವಿ? ಕೆಂಪು ಪಟ್ಟಿಯಲ್ಲಿ ಹೆಸರು ಓಡಿಸ್ತೀವಿ. ಫೇಸ್‌ಬುಕ್‌ನಿಂದ ಫೋಟೋ ತೆಗೆದು ವೃತ್ತ ಹಾಕಿ ತೋರಿಸ್ತೀವಿ. ನೀವು ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕ್ತೀರಿ. ಹತ್ತು ದಿನ ಬಿಟ್ಟು ಅವನದ್ದೇನೂ ತಪ್ಪಿಲ್ಲ ಅಂತ ಪೊಲೀಸರು ಹೇಳಿದಾಗ ಆ ಸುದ್ದಿಗೆ ಅಷ್ಟು ಜಾಗ ಸಿಗುತ್ತಾ? ಸಿಗಲ್ಲ. ಸೇಡಿನ ಕೆಲಸ ಅರ್ಧ ಮಾಡೋದು ಮೇಲ್ ಕಳಿಸಿದವರು. ಇನ್ನರ್ಧವನ್ನ ನಾವು ಬಿಟ್ಟಿಯಾಗಿ ಮಾಡಿಕೊಡ್ತೀವಿ. ಈ ಮಾತನ್ನ ನನಗೂ ಸೇರಿಸಿಯೇ ಹೇಳ್ತಿದ್ದೀನಿ.

ಇದು ಹೊಸ ರೋಗವೂ ಅಲ್ಲ. 2004ರಲ್ಲಿ ಚೆನ್ನೈನಲ್ಲಿ ಒಂದು ಕೇಸ್ ಆಯ್ತು. ಆಗ ಫೇಸ್‌ಬುಕ್ ನಮ್ಮಲ್ಲಿ ಬಂದಿರಲಿಲ್ಲ, ಯಾಹೂ ಕಾಲ. ಒಬ್ಬನಿಗೆ ಪರಿಚಯದ ಹೆಣ್ಣುಮಗಳನ್ನ ಮದುವೆ ಆಗೋ ಆಸೆ. ಆಕೆ ಬೇರೆಯವರನ್ನ ಮದುವೆ ಆದ್ರು, ಆಮೇಲೆ ವಿಚ್ಛೇದನ ಆಯ್ತು. ಇವನು ಮತ್ತೆ ಬೆನ್ನು ಬಿದ್ದ. ಆಕೆ ಒಪ್ಪಲಿಲ್ಲ. ಆಗ ಯಾಹೂ ಗುಂಪುಗಳಲ್ಲಿ ಆಕೆಯ ಹೆಸರಲ್ಲಿ ಅಸಹ್ಯ ಬರಹ ಹಾಕಿ, ಫೋನ್ ನಂಬರ್ ಕೊಟ್ಟ. ಗುರುತು ಪರಿಚಯ ಇಲ್ಲದ ಗಂಡಸರು ಆಕೆಗೆ ಫೋನ್ ಮಾಡೋಕೆ ಶುರು ಮಾಡಿದ್ರು. ಆಕೆ ಹೆದರಿ ಕೂರಲಿಲ್ಲ, ದೂರು ಕೊಟ್ರು. ಅವನನ್ನ ಮುಂಬೈನಲ್ಲಿ ಹಿಡಿದ್ರು. ಸೈಬರ್ ಕೆಫೆಯವರು ಸಾಕ್ಷಿ ಹೇಳಿದ್ರು. ಆ ಬರಹಗಳು ಇಂಟರ್‌ನೆಟ್‌ನಲ್ಲಿ ಇದ್ದವು ಅನ್ನೋದನ್ನ ಕಾನೂನು ಪ್ರಕಾರ ಪ್ರಮಾಣೀಕರಿಸಿ ಕೊಟ್ಟವರು ಸೈಬರ್ ಕಾನೂನು ತಜ್ಞ ನಾ. ವಿಜಯಶಂಕರ್, 'ನಾವಿ' ಅಂತಲೇ ಹೆಸರಾದವರು. 2004ರ ನವೆಂಬರ್ 5ಕ್ಕೆ ಎಗ್ಮೋರ್ ಕೋರ್ಟ್ ಎರಡು ವರ್ಷದ ಶಿಕ್ಷೆ ಕೊಡ್ತು. ದೂರು ದಾಖಲಾಗಿ ಏಳೇ ತಿಂಗಳ ಆಸುಪಾಸು. ಐಟಿ ಕಾಯ್ದೆಯ 67ನೇ ಕಲಂ ಅಡಿ ದೇಶದಲ್ಲಿ ಬಂದ ಮೊದಲ ಶಿಕ್ಷೆ ಅಂತ ಇವತ್ತಿಗೂ ಕಾನೂನು ವಿದ್ಯಾರ್ಥಿಗಳು ಅದನ್ನ ಓದ್ತಾರೆ.

ಎರಡೂ ಕೇಸ್ ಪಕ್ಕ ಪಕ್ಕ ಇಟ್ಟು ನೋಡಿ. ನಡುವೆ 21 ವರ್ಷ. ಒಂದರಲ್ಲಿ ಗಂಡು ಆರೋಪಿ, ಇನ್ನೊಂದರಲ್ಲಿ ಹೆಣ್ಣು. ತಂತ್ರಜ್ಞಾನ ಬೇರೆ. ಬೇರು ಮಾತ್ರ ಒಂದೇ: "ಬೇಡ" ಅಂದಿದ್ದನ್ನ ಒಪ್ಪಿಕೊಳ್ಳೋಕೆ ಆಗದ ಮನಸ್ಸು. ನನಗೆ ಸಿಗದ ಮನುಷ್ಯನಿಗೆ ಮರ್ಯಾದೆಯೂ ಉಳೀಬಾರದು ಅನ್ನೋ ಹಟ. ಅದನ್ನ ಪ್ರೀತಿ ಅಂತ ಕರೀಬೇಡಿ. "ಪಾಪ, ಪ್ರೀತಿಯಲ್ಲಿ ಹುಚ್ಚು ಹಿಡೀತು" ಅನ್ನೋ ಮಾತು ನಮ್ಮ ಸಿನಿಮಾಗಳು ಕಲಿಸಿದ್ದು. ಕಾನೂನು ಅದನ್ನ ಅಪರಾಧ ಅನ್ನುತ್ತೆ.

ಕಾನೂನು ಏನಿದೆ? ಹಿಂಬಾಲಿಸಿ ಕಾಡೋದು 2013ರಲ್ಲಿ ಪ್ರತ್ಯೇಕ ಅಪರಾಧ ಆಯ್ತು. ದೆಹಲಿ ಘಟನೆ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಕೊಟ್ಟ ಮೇಲೆ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಆನ್‌ಲೈನ್‌ನಲ್ಲಿ ಕಾಡೋದೂ ಅದರಲ್ಲಿ ಬರುತ್ತೆ. ಮೊದಲ ಸಲ ಮೂರು ವರ್ಷದವರೆಗೆ, ಮತ್ತೆ ಮಾಡಿದ್ರೆ ಐದು ವರ್ಷದವರೆಗೆ ಜೈಲು. ಆದರೆ ಗಮನಿಸಿ, ಆ ಕಲಂ ಹೇಳೋದು ಗಂಡಸು ಹೆಂಗಸನ್ನ ಕಾಡೋದರ ಬಗ್ಗೆ ಮಾತ್ರ. ಚೆನ್ನೈ ಕೇಸಿನ ಆ ಹೆಣ್ಣುಮಗಳಂಥವರಿಗೆ ಇವತ್ತು ಆ ಕಲಂ ಇದೆ. 2025ರ ಕೇಸಿನ ಯುವಕನಿಗೆ ಇಲ್ಲ. ಹೆಣ್ಣುಮಕ್ಕಳೇ ಹೆಚ್ಚು ಕಾಡಿಸಿಕೊಳ್ಳೋ ದೇಶದಲ್ಲಿ ಆ ಕಲಂ ಹಾಗೆ ಬರೆದಿದ್ದಕ್ಕೆ ಕಾರಣ ಇದೆ, ಅದನ್ನ ಸಡಿಲ ಮಾಡಿ ಅಂತ ನಾನು ಹೇಳ್ತಿಲ್ಲ. ಆದರೆ ಗಂಡಸು ಹೋಗಿ ದೂರು ಕೊಟ್ರೆ ನಕ್ಕು ಕಳಿಸಬಾರದು. ಅವನಿಗೆ ಬೇರೆ ದಾರಿಗಳಿವೆ. ಇನ್ನೊಬ್ಬರ ಗುರುತನ್ನ ವಂಚನೆಗೆ ಬಳಸಿದ್ರೆ ಐಟಿ ಕಾಯ್ದೆಯ 66ಸಿ, ಬೇರೆಯವರ ವೇಷ ಹಾಕಿ ಮೋಸ ಮಾಡಿದ್ರೆ 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಮಾನ ಕಳೆಯೋಕೆ ನಕಲಿ ದಾಖಲೆ ಸೃಷ್ಟಿಸಿದ್ರೆ ನ್ಯಾಯ ಸಂಹಿತೆಯ 336ನೇ ಕಲಂ. ಇವಕ್ಕೆ ಗಂಡು ಹೆಣ್ಣು ಅನ್ನೋ ಭೇದ ಇಲ್ಲ.

ನಿಮಗೇ ಹೀಗಾದ್ರೆ ಏನು ಮಾಡಬೇಕು? ಊರಲ್ಲಿ ಎಲ್ಲರೂ ಮೊದಲು ಮಾಡೋ ತಪ್ಪು, ನಾಚಿಕೆಯಿಂದ ಎಲ್ಲ ಅಳಿಸಿ ಹಾಕೋದು. ದಯವಿಟ್ಟು ಅಳಿಸಬೇಡಿ. ಬಂದ ಮೇಲ್ ಇನ್‌ಬಾಕ್ಸ್‌ನಲ್ಲಿ ಹಾಗೇ ಇರಲಿ. ಸ್ಕ್ರೀನ್‌ಶಾಟ್ ತೆಗೀರಿ, ಆದರೆ ಅದೊಂದೇ ಸಾಕಾಗಲ್ಲ. ನಾನು ಹೇಳಿದ ಠಸ್ಸೆ ಇರೋದು ಅಸಲಿ ಮೇಲ್‌ನಲ್ಲಿ, ಫೋಟೋದಲ್ಲಿ ಅಲ್ಲ. ನಕಲಿ ಖಾತೆ ಇದ್ರೆ ಅದರ ಲಿಂಕ್ ಬರೆದಿಟ್ಕೊಳ್ಳಿ, ಯಾಕಂದ್ರೆ ಖಾತೆಯ ಹೆಸರನ್ನ ಅವರು ಯಾವಾಗ ಬೇಕಾದ್ರೂ ಬದಲಾಯಿಸ್ತಾರೆ. ಮೆಸೇಜ್ ಬಂದ ಫೋನ್ ಮಾರಬೇಡಿ, ಎಕ್ಸ್‌ಚೇಂಜ್‌ಗೆ ಹಾಕಬೇಡಿ. ಡಿಜಿಟಲ್ ಸಾಕ್ಷಿಯ ಪ್ರತಿ ಕೊಡೋದಾದ್ರೆ ಪ್ರಮಾಣಪತ್ರ ಬೇಕೇ ಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಸಲಿ ಫೋನ್ ನಿಮ್ಮ ಹತ್ರ ಇದ್ರೆ ನಿಮ್ಮ ಕೇಸಿಗೆ ಬಲ.

ದೂರು ಕೊಡೋಕೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್ ಇದೆ. ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ. ದೇಶದ ಮೊದಲ ಸೈಬರ್ ಕ್ರೈಂ ಠಾಣೆ 2001ರಲ್ಲಿ ಶುರುವಾಗಿದ್ದೇ ನಮ್ಮ ಬೆಂಗಳೂರಲ್ಲಿ. ಈಗ ಜಿಲ್ಲೆಗಳಲ್ಲೂ ಸೆನ್ ಠಾಣೆಗಳಿವೆ. ಅಲ್ಲಿಗೆ ಹೋಗೋಕಾಗದಿದ್ರೆ ಹತ್ತಿರದ ಠಾಣೆಗೆ ಹೋಗಿ. ನಮ್ಮ ವ್ಯಾಪ್ತಿ ಅಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ, ಝೀರೋ ಎಫ್‌ಐಆರ್ ಅಂತ ದಾಖಲಿಸಿ ಅವರೇ ವರ್ಗಾಯಿಸಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ನಕಲಿ ಖಾತೆ ಬಗ್ಗೆ ಅಲ್ಲೇ ರಿಪೋರ್ಟ್ ಮಾಡಿ. ಇಂಥ ದೂರಿಗೆ 24 ಗಂಟೆ ಒಳಗೆ ಕ್ರಮ ತಗೋಬೇಕು ಅಂತ 2021ರ ಐಟಿ ನಿಯಮಗಳೇ ಹೇಳಿದ್ವು. ಆದರೆ ಲಿಂಕು, ಸ್ಕ್ರೀನ್‌ಶಾಟು ಎಲ್ಲ ಇಟ್ಕೊಂಡ ಮೇಲೆ ರಿಪೋರ್ಟ್ ಮಾಡಿ, ಮೊದಲೇ ಅಲ್ಲ.

ಇನ್ನೊಂದು ಕೆಲಸ ಇದೆ, ಅದಕ್ಕೆ ಠಾಣೆಗೂ ಹೋಗಬೇಕಿಲ್ಲ. ಪಕ್ಕದ ಮನೆ ಹುಡುಗನ ಹೆಸರಲ್ಲೋ, ಎದುರು ಬೀದಿ ಹುಡುಗಿ ಹೆಸರಲ್ಲೋ ನಿಮ್ಮ ಫೋನಿಗೆ ಏನೋ ಬಂತು ಅಂದ್ಕೊಳ್ಳಿ. ಗ್ರೂಪ್‌ಗೆ ಹಾಕೋ ಮೊದಲು ಅವರ ಮನೆ ಬಾಗಿಲಿಗೆ ಹೋಗಿ ಒಂದು ಮಾತು ಕೇಳಿ: "ಏನಪ್ಪಾ, ಇದು ನೀನೇ ಕಳಿಸಿದ್ದಾ?" ಕಟ್ಟೆಮಳಲವಾಡಿಯಂಥ ಊರಲ್ಲಿ ಆ ಬಾಗಿಲು ಹತ್ತು ಹೆಜ್ಜೆ ದೂರದಲ್ಲಿರುತ್ತೆ. ಬೆಂಗಳೂರಲ್ಲಿ ಕೂತ ನಮಗೆ ಆ ಬಾಗಿಲು ಇಲ್ಲ, ಅದಕ್ಕೇ ನಾವು ಪೊಲೀಸರು ಖಚಿತಪಡಿಸೋವರೆಗೂ ಕಾಯಬೇಕು. ಕಾದ್ರೆ ನಮಗೆ ಹೋಗೋದು ಒಂದು ಬ್ರೇಕಿಂಗ್ ನ್ಯೂಸ್. ಕಾಯದಿದ್ರೆ ಇನ್ನೊಬ್ಬರಿಗೆ ಹೋಗೋದು ಅವರ ಹೆಸರು.