ಮಣ್ಣಿನ ಹದ ಮುಳ್ಳಿಗೆ ತಿಳಿದೀತೆ?

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಸಾಲಗುಂದದ ಸೀಮೆಯಲ್ಲಿ, ಹಿತ್ತಿಲುಳ್ಳ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಹಿತ್ತಿಲಲ್ಲಿ ಒಂದು ಮಲ್ಲಿಗೆಯ ಬಳ್ಳಿ, ಎರಡು ದಾಸವಾಳ, ಒಂದು ಕರಿಬೇವು, ಕಟ್ಟೆಯ ಮೇಲೆ ತುಳಸಿ. ಬೆಂಗಳೂರಿನಿಂದ ಬಂದ ಸೊಸೆ ತನ್ನ ಪೆಟ್ಟಿಗೆಯಲ್ಲಿ ಒಂದು ಹೊಸ ಸಾಧನವನ್ನು ತಂದಿದ್ದಾಳೆ. ಅಂಗೈಯಗಲದ ಮುಖ, ಅದರಲ್ಲೊಂದು ಮುಳ್ಳು, ಕೆಳಗೆ ಗೇಣುದ್ದದ ಎರಡು ಲೋಹದ ಕಡ್ಡಿಗಳು. ನೆಲಕ್ಕೆ ಚುಚ್ಚಿದರೆ ಮಣ್ಣಿನ ತೇವವೆಷ್ಟು, ಹುಳಿಯೆಷ್ಟು ಎಂಬುದನ್ನು ಕ್ಷಣದಲ್ಲಿ ತಿಳಿಸುವ ‘ಸಾಯಿಲ್ ಮೀಟರ್’ ಅದು. ತವರಿನ ಕೆಂಪು ಮಣ್ಣಿನ ಕುಂಡಗಳಲ್ಲಿ ಅದು ಎಂದೂ ಅವಳಿಗೆ ಸುಳ್ಳು ಹೇಳಿದ್ದಿಲ್ಲ.

ಇಲ್ಲಿ ಮಾತ್ರ ವಿಚಿತ್ರ ನಡೆಯಿತು. ಮಲ್ಲಿಗೆಯ ಬುಡದಲ್ಲಿ ಚುಚ್ಚಿದಾಗಲೆಲ್ಲ ಮುಳ್ಳು ‘ಒದ್ದೆ’ ಎಂಬ ನೀಲಿ ಪಟ್ಟಿಗೆ ಹಾರುತ್ತಿತ್ತು. ನೀರು ಸಾಕೆಂದು ಸೊಸೆ ನಾಲ್ಕು ದಿನ ಕೊಡವನ್ನು ಮುಟ್ಟಲಿಲ್ಲ. ಐದನೆಯ ದಿನ ಬಳ್ಳಿ ತಲೆ ಬಾಗಿಸಿತು. ಅತ್ತೆ ಬುಡದ ಮಣ್ಣನ್ನು ಬೆರಳಿನಿಂದ ಕೆದಕಿ, ಹಿಡಿಯಲ್ಲಿ ಹಿಚುಕಿ ನೋಡಿದರು. ಉಂಡೆ ಕಟ್ಟದೆ ಮಣ್ಣು ಉದುರಿಹೋಯಿತು.

“ಮಣ್ಣು ಕೈಯಾಗ ಹಿಡದು ನೋಡಬೇಕವಾ. ಮುಳ್ಳಿಗೇನು ತಿಳೀತದ ಹದ?” ಎಂದರು ಅವರು.

“ಮತ್ತ ಇದು ಒದ್ದಿ ಅದ ಅಂತ ತೋರಸ್ತದಲ್ಲ, ಅತ್ತಿ?” ಎಂದಳು, ಆ ಸೀಮೆಯ ಮಾತನ್ನು ಆಗಲೇ ಕಲಿತಿದ್ದ ಸೊಸೆ.

ಇಬ್ಬರಲ್ಲಿ ಯಾರು ಸರಿ? ಉತ್ತರ ತಿಳಿಯಬೇಕಾದರೆ ಆ ಮುಳ್ಳು ನಿಜವಾಗಿ ಏನನ್ನು ಅಳೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಮುಳ್ಳು ಅಳೆಯುವುದೇನು?

ಈ ಅಗ್ಗದ ಸಾಧನಗಳಲ್ಲಿ ಬಹುತೇಕವುಗಳಿಗೆ ಬ್ಯಾಟರಿ ಇಲ್ಲ. ಬೇರೆ ಬೇರೆ ಜಾತಿಯ ಎರಡು ಲೋಹಗಳನ್ನು ಒದ್ದೆ ಮಣ್ಣಿನಲ್ಲಿ ಚುಚ್ಚಿದರೆ ಅವುಗಳ ನಡುವೆ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಮಣ್ಣೇ ಇಲ್ಲಿ ಬ್ಯಾಟರಿ. ತೇವ ಹೆಚ್ಚಿದಷ್ಟೂ ವಿದ್ಯುತ್ತು ಸರಾಗವಾಗಿ ಹರಿದು ಮುಳ್ಳು ಮೇಲೇರುತ್ತದೆ, ಒಣಗಿದರೆ ಇಳಿಯುತ್ತದೆ. ಮುಖದ ಮೇಲೆ ಬರೆದಿರುವ 1ರಿಂದ 10ರವರೆಗಿನ ಅಂಕಿಗಳು ಶೇಕಡಾ ಲೆಕ್ಕವಲ್ಲ, ಯಾವ ಅಳತೆಯ ಮಾನವೂ ಅಲ್ಲ. ಹೋಲಿಕೆಗಾಗಿ ಇಟ್ಟ ಗುರುತುಗಳು ಮಾತ್ರ.

ಆದರೆ ವಿದ್ಯುತ್ತನ್ನು ಹೊತ್ತೊಯ್ಯುವುದು ಬರಿಯ ನೀರಲ್ಲ. ನೀರಿನಲ್ಲಿ ಕರಗಿದ ಲವಣ. ಇದನ್ನು ಯಾವ ಗೃಹಿಣಿಯಾದರೂ ಪರೀಕ್ಷಿಸಬಹುದು. ಒಂದು ಲೋಟದಲ್ಲಿ ಶುದ್ಧವಾದ ಮಳೆಯ ನೀರನ್ನು ತೆಗೆದುಕೊಂಡು ಅದರಲ್ಲಿ ಕಡ್ಡಿಗಳನ್ನು ಅದ್ದಿದರೆ, ಸುತ್ತಲೂ ನೀರೇ ಇದ್ದರೂ ಮುಳ್ಳು ಹೆಚ್ಚು ಏಳಲೊಲ್ಲದು. ಅದೇ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಕಲಕಿದರೆ ಮುಳ್ಳು ಥಟ್ಟನೆ ಮೇಲೇರುತ್ತದೆ. ನೀರು ಹೆಚ್ಚಲಿಲ್ಲ, ಹೆಚ್ಚಿದ್ದು ಉಪ್ಪು.

ಮಲ್ಲಿಗೆಯ ಬುಡದಲ್ಲಿ ನಡೆದದ್ದೂ ಇದೇ. ದಿನವೂ ಸ್ವಲ್ಪ ಸ್ವಲ್ಪವಾಗಿ ಹಾಕಿದ ಕೊಳವೆ ಬಾವಿಯ ಸವಳು ನೀರು ಆವಿಯಾಗಿ ಹೋಯಿತು. ಅದರಲ್ಲಿದ್ದ ಉಪ್ಪು ಮಣ್ಣಿನಲ್ಲೇ ಉಳಿಯಿತು. ಅಷ್ಟಿಷ್ಟು ತೇವವಿದ್ದ ಮಣ್ಣನ್ನು ಉಪ್ಪಿನ ದೆಸೆಯಿಂದ ಮುಳ್ಳು ‘ಒದ್ದೆ’ ಎಂದು ಸಾರಿತು. ಇನ್ನೂ ಒಂದು ಸಂಕಟವುಂಟು. ಉಪ್ಪು ಹಚ್ಚಿದ ಮಾವಿನ ಹೋಳು ನೀರು ಬಿಟ್ಟು ಸುಕ್ಕುಗಟ್ಟುವುದನ್ನು ಉಪ್ಪಿನಕಾಯಿ ಹಾಕುವವರೆಲ್ಲ ಬಲ್ಲರು. ಮಣ್ಣಿನಲ್ಲಿ ಉಪ್ಪು ಹೆಚ್ಚಿದಾಗ ಬೇರಿನ ಪಾಡೂ ಅಂಥದೇ: ಸುತ್ತ ತೇವವಿದ್ದರೂ ಅದನ್ನು ಹೀರಿಕೊಳ್ಳಲು ಅದಕ್ಕೆ ಆಗದು. ಹೀಗೆ ಮುಳ್ಳು ‘ಒದ್ದೆ’ ಎಂದು ತೋರಿಸುತ್ತಿರುವಾಗಲೇ ಗಿಡ ಬಾಯಾರಿ ನಿಂತಿರುತ್ತದೆ.

ಹುಳಿ ಮತ್ತು ಕ್ಷಾರದ ಲೆಕ್ಕ

ಸಾಧನದ ಎರಡನೆಯ ಕೆಲಸ ಮಣ್ಣಿನ ಹುಳಿಯನ್ನು ಅಳೆಯುವುದು. ಇಂಗ್ಲಿಷಿನಲ್ಲಿ ಪಿಎಚ್ ಎನ್ನುವುದನ್ನು ಕನ್ನಡದ ಕೃಷಿ ಪುಸ್ತಕಗಳು ರಸಸಾರ ಎಂದು ಕರೆದಿವೆ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಬೀರು ತಯಾರಕರು ಸ್ಥಾಪಿಸಿದ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಸೋರೆನ್‌ಸೆನ್ ಎಂಬ ವಿಜ್ಞಾನಿ 1909ರಲ್ಲಿ ಈ ಮಾನವನ್ನು ರೂಪಿಸಿದರು. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಕೆಳಗಿಳಿದರೆ ಹುಳಿ, ಮೇಲೇರಿದರೆ ಕ್ಷಾರ. ನಿಂಬೆಯ ರಸ ಹೆಚ್ಚು ಕಡಿಮೆ 2; ಹಾಲು 7ಕ್ಕಿಂತ ತುಸು ಕೆಳಗೆ; ಅಡುಗೆ ಸೋಡಾ ಕರಗಿಸಿದ ನೀರು 8ಕ್ಕಿಂತ ತುಸು ಮೇಲೆ; ಸುಣ್ಣದ ತಿಳಿ 12ನ್ನೂ ದಾಟುತ್ತದೆ. ಒಂದೊಂದು ಮೆಟ್ಟಿಲೂ ಹತ್ತು ಪಟ್ಟಿನ ವ್ಯತ್ಯಾಸ ಎಂಬುದನ್ನು ಮರೆಯಬಾರದು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಿಂಬೆಯ ರಸದ ಹುಳಿಯನ್ನು ಅಳೆಯಲು ಗೆಳೆಯರೊಬ್ಬರು ಪಡುತ್ತಿದ್ದ ಪಾಡನ್ನು ಕಂಡು ಆರ್ನಲ್ಡ್ ಬೆಕ್‌ಮನ್ 1934ರಲ್ಲಿ ವಿದ್ಯುನ್ಮಾನದ ಪಿಎಚ್ ಮೀಟರ್ ಒಂದನ್ನು ರಚಿಸಿದರು. ಇಂದಿನ ಪ್ರಯೋಗಶಾಲೆಗಳ ಗಾಜಿನ ಕಡ್ಡಿಯ ಮೀಟರುಗಳು ಆ ಪೀಳಿಗೆಗೆ ಸೇರಿದವು. ಸೊಸೆಯ ಕೈಯಲ್ಲಿರುವ ಎರಡು ಕಡ್ಡಿಗಳ ಸಾಧನ ಆ ಮನೆತನದ್ದಲ್ಲ. ಹುಳಿಯ ಹೆಸರಿನಲ್ಲಿಯೂ ಅದು ಅಳೆಯುವುದು ಲೋಹಗಳ ನಡುವಣ ವಿದ್ಯುತ್ತನ್ನೇ. ಒಣ ಮಣ್ಣಿನಲ್ಲಿ ಅದು ಮೂಕ; ಉಪ್ಪಿನ ಮಣ್ಣಿನಲ್ಲಿ ಅದರ ಮಾತು ನೆಚ್ಚತಕ್ಕದ್ದಲ್ಲ.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಇಂಥ ಅನೇಕ ಸಾಧನಗಳಲ್ಲಿ ಹುಳಿಯ ಪಟ್ಟಿ ಮೂರೂವರೆಯಿಂದ ಆರಂಭವಾಗಿ 8ಕ್ಕೆ ಮುಗಿದುಹೋಗುತ್ತದೆ. ಹುಳಿ ಮಣ್ಣಿನ ದೇಶಗಳ ತೋಟಗಾರರಿಗೆ ಅಷ್ಟು ಸಾಕು. ಮಳೆ ಹೆಚ್ಚಾಗಿ ಸುಣ್ಣದ ಅಂಶ ತೊಳೆದುಹೋಗುವ ಮಲೆನಾಡಿಗೂ ಸಾಕು. ಆದರೆ ಸಿಂಧನೂರಿನ ಎರೆಮಣ್ಣು ಸುಣ್ಣದ ಹರಳುಗಳನ್ನು ಒಡಲಲ್ಲಿಟ್ಟುಕೊಂಡ ಮಣ್ಣು. ಮುಳ್ಳಿನ ಪಟ್ಟಿ ಮುಗಿಯುವಲ್ಲಿಯೇ ಅದರ ಕಥೆ ಆರಂಭ.

ಮಹಾಯಂತ್ರಗಳು ಹುಟ್ಟುವ ಎಷ್ಟೋ ಮೊದಲೇ ಕನ್ನಡಿಗರ ಮನೆಗಳಲ್ಲಿ ಕ್ಷಾರದ ಪರೀಕ್ಷೆ ನಡೆದಿತ್ತೆಂದರೆ ಆಶ್ಚರ್ಯವಾದೀತು. ಅರಿಸಿನದ ನೀರಿಗೆ ಸುಣ್ಣ ಬೆರೆಸಿದರೆ ಆರತಿಯ ನೀರು ಕೆಂಪಾಗುವುದು ಕ್ಷಾರದ ಮಹಿಮೆಯಿಂದಲೇ. ಅರಿಸಿನದಲ್ಲಿ ಅದ್ದಿ ಒಣಗಿಸಿದ ಬಿಳಿಯ ಬಟ್ಟೆಯ ಚೂರನ್ನು, ಮಣ್ಣು ಕಲಕಿ ತಿಳಿಯಾಗಲು ಬಿಟ್ಟ ಮಳೆಯ ನೀರಿನಲ್ಲಿ ಅದ್ದಿದಾಗ ಅದು ಕೆಂಪಾದರೆ ಕ್ಷಾರ ಪ್ರಬಲವಾಗಿದೆ ಎಂದು ತಿಳಿಯಬೇಕು. ಕೆಂಪಾಗದಿದ್ದರೆ ಮಣ್ಣು ನಿರ್ದೋಷಿ ಎಂದು ಮಾತ್ರ ತೀರ್ಮಾನಿಸಲಾಗದು. ಅಲ್ಪ ಕ್ಷಾರಕ್ಕೆ ಅರಿಸಿನ ಬಣ್ಣ ಬದಲಿಸದು.

ಕಾಲುವೆ ಕಲಿಸಿದ ಪಾಠ

ಎರೆಮಣ್ಣಿನ ಗುಣವೇ ಬೇರೆ. ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಬೇಸಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಬಿರುಕಿನಲ್ಲಿ ಇಳಿದ ಕಡ್ಡಿಗೆ ಮಣ್ಣು ತಾಗದೆ ಗಾಳಿ ತಾಗುತ್ತದೆ. ಈ ಮಣ್ಣು ನೀರನ್ನು ಬಹಳವಾಗಿ ಹಿಡಿದಿಟ್ಟುಕೊಳ್ಳುವುದು ನಿಜವಾದರೂ ಅದರಲ್ಲಿ ಒಂದು ಪಾಲನ್ನು ಜಿಪುಣನಂತೆ ಬಿಗಿಹಿಡಿದು ಬೇರಿಗೆ ಬಿಟ್ಟುಕೊಡದು. ಮಳೆಯನ್ನೇ ನಂಬಿ ಜೋಳ, ಹತ್ತಿ ಬೆಳೆದ ಹಿರಿಯರು ‘ಹದ’ ಎಂಬ ಒಂದೇ ಮಾತಿನಲ್ಲಿ ಇದನ್ನೆಲ್ಲ ಅಡಗಿಸಿದ್ದರು. ಹದ ಬಂದಾಗ ಬಿತ್ತಬೇಕು; ಹದ ಮೀರಿದರೆ ಕುಂಟೆಗೆ ಮಣ್ಣು ಮೆತ್ತುತ್ತದೆ; ಹದ ಆರಿದರೆ ಹೆಂಟೆ ಒಡೆಯದು.

1945ರಲ್ಲಿ ತುಂಗಭದ್ರಾ ಅಣೆಕಟ್ಟೆಗೆ ಶಂಕುಸ್ಥಾಪನೆಯಾಯಿತು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಎಡದಂಡೆಯ ಕಾಲುವೆ ಈಗಿನ ಕೊಪ್ಪಳ, ರಾಯಚೂರು ಜಿಲ್ಲೆಗಳ ಬರದ ನೆಲಕ್ಕೆ ಬಾಗಿನದಂತೆ ಬಂದಿತು. ಯೋಜಕರು ಎಣಿಸಿದ್ದು ಹೆಚ್ಚಿನ ನೆಲಕ್ಕೆ ಮಿತವಾದ ನೀರು, ಅಲ್ಪ ನೀರಿನ ಬೆಳೆ. ಆದರೆ ಬತ್ತ ಹಬ್ಬಿತು. ಬತ್ತ ಸಿರಿಯನ್ನೂ ತಂದಿತು. ಸಿಂಧನೂರು, ಗಂಗಾವತಿಗಳ ಅಕ್ಕಿ ನಾಡಿನ ಮನೆಮನೆಯ ಅನ್ನವಾಯಿತು. ಆ ಸಿರಿಯನ್ನು ಯಾರೂ ಹಳಿಯಲಾರರು.

ಅದರ ಬೆಲೆಯನ್ನು ತೆತ್ತದ್ದು ಮಣ್ಣು. ಬಸಿದು ಹೋಗಲು ದಾರಿಯಿಲ್ಲದ ನೀರು ಕೆಳಗಿಳಿದು, ಅಂತರ್ಜಲದ ಮಟ್ಟವನ್ನು ಮೇಲೆತ್ತಿತು. ಮೇಲೇರಿದ ನೀರು ನೆಲದ ಒಡಲಿನ ಲವಣವನ್ನು ಹೊತ್ತು ತಂದು, ತಾನು ಆವಿಯಾಗಿ, ಲವಣವನ್ನು ಮೇಲೆ ಬಿಟ್ಟುಹೋಯಿತು. ನೀರು ನಿಂತ ನೆಲ ಜವಳಾಯಿತು. ಬಿಳಿಯ ಪೊರೆ ಕಟ್ಟಿದ ನೆಲ ಸವಳಾಯಿತು. ಕಾಲುವೆಯ ತಲೆಯಲ್ಲಿ ನೀರು ಹೆಚ್ಚಾಗಿ ನೆಲ ಕೆಡುತ್ತಿದ್ದರೆ, ಬಾಲದಲ್ಲಿ ನೀರಿಲ್ಲದೆ ಬೆಳೆ ಒಣಗುವ ವಿಪರ್ಯಾಸವೂ ಬಂದೊದಗಿತು. ಈ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ನೆಲದ ವಿಸ್ತಾರ ಹತ್ತಾರು ಸಾವಿರ ಹೆಕ್ಟೇರುಗಳಷ್ಟು.

ಇಂಥ ನೆಲವನ್ನು ಮತ್ತೆ ಫಲಕ್ಕೆ ತರುವ ವಿಧಾನಗಳನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಹುಕಾಲದಿಂದ ಶೋಧಿಸುತ್ತ ಬಂದಿದ್ದಾರೆ. ನೆಲದಡಿಯಲ್ಲಿ ರಂಧ್ರಗಳುಳ್ಳ ಕೊಳವೆಗಳನ್ನು ಹೂಳಿ ಉಪ್ಪು ನೀರನ್ನು ಬಸಿದು ಹೊರಗೆ ಕಳುಹಿಸುವುದು ಅವುಗಳಲ್ಲಿ ಒಂದು. ನೀರು ತರುವುದು ಎಷ್ಟು ಮುಖ್ಯವೋ ಹೆಚ್ಚಾದ ನೀರಿಗೆ ಹೋಗುವ ದಾರಿ ತೋರಿಸುವುದೂ ಅಷ್ಟೇ ಮುಖ್ಯ ಎಂಬುದು ಈ ಎಲ್ಲ ಶೋಧನೆಯ ಸಾರ. ಹೊಲಕ್ಕೆ ಒಪ್ಪುವ ಮಾತು ಹೂವಿನ ಕುಂಡಕ್ಕೂ ಒಪ್ಪುತ್ತದೆ. ತಳದ ತೂತು ಮುಚ್ಚಿದ ಕುಂಡವೆಂದರೆ ಬಸಿಗಾಲುವೆಯಿಲ್ಲದ ಹೊಲವೇ ಸರಿ.

ಸಾಧನವನ್ನು ಬಳಸುವ ಬಗೆ

ಹಾಗಾದರೆ ಸೊಸೆ ತಂದ ಸಾಧನವನ್ನು ಅಟ್ಟಕ್ಕೆ ಎಸೆಯಬೇಕೆ? ಬೇಡ. ಮಿತಿಯನ್ನರಿತು ಬಳಸಿದರೆ ಅದು ಉಪಕಾರಿಯೇ.

ಮೊದಲು ಅದಕ್ಕೆ ಮನೆಯ ಮಣ್ಣಿನ ಪರಿಚಯ ಮಾಡಿಸಬೇಕು. ಕುಂಡಕ್ಕೆ ನೀರು ತುಂಬಿ, ಹೆಚ್ಚಿನದು ಬಸಿದ ಮೇಲೆ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆಮೇಲೆ ನೀರು ಹಾಕದೆ, ದಿನವೂ ಬೆಳಿಗ್ಗೆ ನೋಡುತ್ತ, ಎಲೆ ಬಾಡತೊಡಗಿದ ದಿನದ ಅಂಕಿಯನ್ನೂ ಬರೆಯಬೇಕು. ಈ ಎರಡು ಅಂಕಿಗಳ ನಡುವೆ ಆ ಕುಂಡದ ಹದ ಅಡಗಿದೆ. ಮುಖದ ಮೇಲಿನ ಕೆಂಪು, ಹಸಿರು, ನೀಲಿ ಬಣ್ಣಗಳಿಗಿಂತ ಈ ಎರಡು ಅಂಕಿಗಳು ಹೆಚ್ಚು ನಂಬಲರ್ಹ. ಒಂದು ಕುಂಡದ ಅಂಕಿಯನ್ನು ಇನ್ನೊಂದು ಮಣ್ಣಿನ ಕುಂಡಕ್ಕೆ ಹೊಂದಿಸಬಾರದು.

ಕಡ್ಡಿಗಳನ್ನು ಪ್ರತಿ ಸಲವೂ ಉಜ್ಜಿ ಒರಸಬೇಕು. ನಾಲ್ಕೈದು ಅಂಗುಲ ಆಳಕ್ಕೆ, ಬೇರು ಇರುವಲ್ಲಿ ಇಳಿಸಿ, ಮಣ್ಣು ಕಡ್ಡಿಗೆ ಒತ್ತಿಕೊಂಡಿದೆಯೇ ಎಂದು ನೋಡಬೇಕು. ಎರಡು ಮೂರು ಕಡೆ ಚುಚ್ಚಿ ಸರಾಸರಿ ತೆಗೆಯುವುದು ಒಳ್ಳೆಯದು. ಗಟ್ಟಿ ನೆಲದಲ್ಲಿ ಬಲವಂತ ಮಾಡಬಾರದು. ಮಣ್ಣಿನಲ್ಲಿಯೇ ಬಿಟ್ಟು ಬರಲೂಬಾರದು, ಲೋಹ ಕಿಲುಬುತ್ತದೆ. ಕೊನೆಗೆ, ಮುಳ್ಳಿನ ಮಾತಿಗೂ ಕೈಯ ಮಾತಿಗೂ ಭೇದ ಬಂದರೆ ಕೈಯನ್ನೇ ನಂಬಿ, ಉಪ್ಪಿನ ಮೇಲೆ ಸಂಶಯ ಪಡಬೇಕು. ಇದೊಂದೇ ಸೂತ್ರದಿಂದ ಸಾಧನದ ದೋಷವೂ ಗುಣವಾಗಿ ಪರಿಣಮಿಸುತ್ತದೆ.

ಹುಳಿ, ಕ್ಷಾರ, ಲವಣಗಳ ನಿಜವಾದ ಲೆಕ್ಕಕ್ಕೆ ಮಣ್ಣು ಪರೀಕ್ಷೆಯ ಪ್ರಯೋಗಶಾಲೆಯೇ ಗತಿ. ಹಿತ್ತಿಲಿನ ಐದಾರು ಕಡೆ ಅರ್ಧ ಅಡಿ ಆಳದ ಗುಣಿ ತೋಡಿ, ಗೋಡೆಯ ಮಣ್ಣನ್ನು ಮೇಲಿನಿಂದ ಕೆಳಗೆ ಸಮನಾಗಿ ಕೆರೆದು, ಎಲ್ಲವನ್ನೂ ಬೆರೆಸಿ, ಅರ್ಧ ಕಿಲೋದಷ್ಟನ್ನು ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿಕೊಡಬೇಕು. ಎಲ್ಲಿಗೆ ಕಳುಹಿಸಬೇಕೆಂಬುದನ್ನು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಪ್ರಯೋಗಶಾಲೆಯಲ್ಲಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಶುದ್ಧ ನೀರು ಬೆರೆಸಿ ಗಾಜಿನ ಕಡ್ಡಿಯ ಮೀಟರಿನಿಂದ ರಸಸಾರವನ್ನು ಅಳೆಯುತ್ತಾರೆ. ಲವಣವನ್ನು ಬೇರೆಯಾಗಿಯೇ ಅಳೆಯುತ್ತಾರೆ. 2015ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯಲ್ಲಿ ಈ ಎರಡು ಅಂಕಿಗಳೂ ಬೇರೆ ಬೇರೆ ಸಾಲುಗಳಲ್ಲಿವೆ.

ಮದ್ದು ಯಾವುದು?

ರೋಗವರಿಯದೆ ಮದ್ದು ಮಾಡಿದರೆ ರೋಗ ಹೆಚ್ಚುತ್ತದೆ. ಎಳೆಯ ಎಲೆ ಹಳದಿಗೆ ತಿರುಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕ್ಷಾರದಲ್ಲಿ ಅದು ಕರಗದು. ಇದನ್ನು ಅರಿಯದೆ ನೀರು ಸುರಿದರೆ ಬೇರು ಉಸಿರುಗಟ್ಟುತ್ತದೆ. ಒಲೆಯ ಬೂದಿ ಗಿಡಕ್ಕೆ ಹಿತವೆಂಬ ನಂಬಿಕೆ ಹುಳಿ ಮಣ್ಣಿನಲ್ಲಿ ನಿಜ; ಎರೆನೆಲದಲ್ಲಿ ಬೂದಿಯೂ ಸುಣ್ಣವೂ ಕ್ಷಾರದ ಗಾಯದ ಮೇಲೆ ಕ್ಷಾರ ಎರಚಿದಂತೆ.

ಬರಿಯ ಉಪ್ಪು ಹೆಚ್ಚಿದ್ದರೆ ತಳದ ತೂತು ಬಿಡಿಸಿ, ಸಿಹಿನೀರನ್ನು ಒಮ್ಮೆಲೆ ಹೇರಳವಾಗಿ ಹಾಯಿಸಿ ಉಪ್ಪನ್ನು ತೊಳೆದು ಕಳೆಯಬೇಕು. ಮಳೆಗಾಲದ ಸೂರಿನ ನೀರು ಇದಕ್ಕೆ ಶ್ರೇಷ್ಠ. ಸೋಡಿಯಂ ಹೆಚ್ಚಿ ಮಣ್ಣು ಗಾರೆಯಂತೆ ಗಟ್ಟಿಯಾಗಿ ನೀರು ಇಂಗದಿದ್ದರೆ, ಪರೀಕ್ಷೆಯ ವರದಿ ಹೇಳಿದಷ್ಟು ಜಿಪ್ಸಂ ಬೆರೆಸಿ, ಆಮೇಲೆ ತೊಳೆಯಬೇಕು. ಜಿಪ್ಸಮಿನ ಕ್ಯಾಲ್ಸಿಯಂ ಸೋಡಿಯಮ್ಮನ್ನು ಮಣ್ಣಿನ ಕಣದಿಂದ ಎಬ್ಬಿಸಿ ತಾನು ಕುಳಿತುಕೊಳ್ಳುತ್ತದೆ. ಕೊಳೆತ ಗೊಬ್ಬರ ಎರಡು ಬಗೆಯ ಮಣ್ಣಿಗೂ ಹಿತ.

ಸಾಲಗುಂದದ ಆ ಕಲ್ಪನೆಯ ಹಿತ್ತಿಲಲ್ಲಿ ಈಗ ಮಲ್ಲಿಗೆಯ ಬುಡದಿಂದ ಒಂದು ಕಿರಿಯ ಬಸಿಗಾಲುವೆ ಹೊರಟಿದೆ. ಕೊಟ್ಟಿಗೆಯ ಗೊಬ್ಬರ ಬಿದ್ದಿದೆ. ಬಾಣಂತಿಯ ಪಥ್ಯದಂತೆ ಎಣಿಸಿ ಹಾಕುತ್ತಿದ್ದ ಚೊಂಬು ನೀರಿನ ಬದಲು, ನಾಲ್ಕು ದಿನಕ್ಕೊಮ್ಮೆ ತುಂಬ ಹಾಕಿ ಬಸಿಯಲು ಬಿಡುವ ಕ್ರಮ ಬಂದಿದೆ. ಸೊಸೆ ಮುಳ್ಳನ್ನು ಓದಿ ಪುಸ್ತಕದಲ್ಲಿ ಬರೆಯುತ್ತಾಳೆ. ಅತ್ತೆ ಮಣ್ಣನ್ನು ಹಿಡಿಯಲ್ಲಿ ಹಿಚುಕಿ ಹೌದೆನ್ನುತ್ತಾರೆ, ಇಲ್ಲವೆನ್ನುತ್ತಾರೆ. ಅವರು ‘ಇಲ್ಲ’ ಎಂದ ದಿನ ಇಬ್ಬರೂ ಸೇರಿ ಬುಡದ ಬಿಳಿಯ ಪೊರೆಯನ್ನು ಹುಡುಕುತ್ತಾರೆ.