ಒಲೆಯ ಅಟ್ಟದಿಂದ ಉಪ್ಪಿಟ್ಟಿನ ಬಾಣಲೆಗೆ

ಕೊಡಗಿನ ಅಡುಗೆಮನೆಗೆ ಕೂಡಿಡುವುದನ್ನು ಕಲಿಸಿದ್ದು ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ; ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಜುಲೈ ನಡುವಿನಲ್ಲಿ ಹುಟ್ಟುವ ಕಕ್ಕಡ ಮಾಸದಲ್ಲಿ ಗದ್ದೆಯ ದುಡಿಮೆ ಜೋರಾಗಿರುತ್ತದೆ, ಹಿತ್ತಲಿನ ತರಕಾರಿ ನೀರು ಕುಡಿದು ಕೊಳೆಯುತ್ತದೆ, ಹೊಳೆ ತುಂಬಿದರೆ ಸಂತೆಯ ದಾರಿಯೂ ಇಲ್ಲ. ಹೊಟ್ಟೆಗೆ ಹೆಚ್ಚು ಬೇಕಾದ ತಿಂಗಳಲ್ಲೇ ಸಿಗುವುದು ಕಡಿಮೆ.

ಇದಕ್ಕೆ ಹಳೆಯ ಮನೆಗಳು ಕಂಡುಕೊಂಡ ಉಪಾಯ ಸೌದೆ ಒಲೆಯ ಮೇಲಿನ ಅಟ್ಟ. ಹಂದಿಮಾಂಸ, ಮೀನುಗಳು ಅಲ್ಲಿ ಹೊಗೆಯಲ್ಲಿ ಒಣಗುತ್ತಿದ್ದವು. ಎಳೆ ಬಿದಿರಿನ ಕಳಲೆಗೆ ಉಪ್ಪುನೀರು. ಪನಪುಳಿ ಹಣ್ಣಿನ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿದರೆ ವರ್ಷಗಟ್ಟಲೆ ಕೆಡದ ಕಾಚಂಪುಳಿ. ಹೊಗೆ, ಉಪ್ಪು, ಹುಳಿ ಈ ಮೂರರ ಮೇಲೆಯೇ ಮಲೆಯ ದಾಸ್ತಾನು ನಿಂತಿತ್ತು. ಹೆಚ್ಚಿದ ತರಕಾರಿಯನ್ನು ಬಿಸಿಲಿಗೆ ಹರವುವುದು ಬಯಲುಸೀಮೆಯವರ ಜಾಣ್ಮೆ. ಚವಳಿಕಾಯಿ ಒಣಗಿಸಿಡಲು ಉತ್ತರ ಕರ್ನಾಟಕದ ಬಿಸಿಲು ಬೇಕು.

ಹಾಗೆಂದು ಕೊಡಗಿಗೆ ಬಿಸಿಲೇ ಇಲ್ಲವೆಂದಲ್ಲ. ಕಾಫಿ ಕೊಯ್ಲು ಮುಗಿಯುತ್ತ ಬರುವ ಜನವರಿಯಿಂದ ಮಾರ್ಚ್‌ವರೆಗೆ ಕಣದ ತುಂಬ ಹಣ್ಣು ಹರಡಿರುತ್ತದೆ. ಅದರ ಒಂದು ಮೂಲೆಯಲ್ಲಿ ಮಜ್ಜಿಗೆ ಮೆಣಸಿಗೂ ಸಂಡಿಗೆಗೂ ಜಾಗ ಸಿಗುತ್ತದೆ. ಕುಶಾಲನಗರದ ಕಡೆ ಮಳೆಯೂ ಕಡಿಮೆ, ತರಕಾರಿ ಬೆಳೆಯೂ ಉಂಟು. ಒಣ ತರಕಾರಿಗೆ ಬೇಕಾದ ಎರಡೂ ಜಿಲ್ಲೆಯೊಳಗೇ ಇವೆ. ಇಲ್ಲದಿದ್ದದ್ದು ರೂಢಿ ಮಾತ್ರ.

ಬಯಲುಸೀಮೆಯಾಚೆ ಆ ರೂಢಿ ಬೆಳೆದದ್ದು ಯುದ್ಧಗಳ ಬೆನ್ನ ಹಿಂದೆ. ಫ್ರಾನ್ಸಿನ ಮ್ಯಾಸನ್ ಎಂಬಾತ 1850ರ ಸುಮಾರಿಗೆ ತರಕಾರಿಯನ್ನು ಒಣಗಿಸಿ ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡಿದ. ಕ್ರಿಮಿಯಾ ಯುದ್ಧದ ಸೈನಿಕರು ಅದನ್ನು ನೆನೆಸಿ ಉಂಡರು. ಎರಡನೇ ಮಹಾಯುದ್ಧದಲ್ಲಿ ಒಣ ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು ಸೇನೆಗಳ ಪಡಿತರವಾದವು. ಕಾರ್ಯಪ್ಪ, ತಿಮ್ಮಯ್ಯನವರಂಥ ಸೇನಾನಿಗಳನ್ನು ಕೊಟ್ಟ ಜಿಲ್ಲೆಗೆ ಆ ಪಡಿತರದ ಸುದ್ದಿ ತಿಳಿಯದೆ ಇದ್ದಿರಲಿಕ್ಕಿಲ್ಲ. ಪಕ್ಕದ ಮೈಸೂರಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾಲಯವೂ ಆರಂಭವಾದವು. ಎರಡನೆಯದರ ಕೆಲಸವೇ ಗಡಿಯ ಯೋಧರ ಊಟ; ಬಿಸಿನೀರು ಬೆರೆಸಿದರೆ ಸಿದ್ಧವಾಗುವ ಉಪ್ಪಿಟ್ಟು ಅಲ್ಲಿಯೂ ರೂಪುಗೊಂಡಿತು. ಬೆಂಗಳೂರಿನ ಎಂ.ಟಿ.ಆರ್. 1970ರ ದಶಕದಲ್ಲಿ ತಿಂಡಿಯ ಸಿದ್ಧ ಮಿಶ್ರಣಗಳನ್ನು ಅಂಗಡಿಗೆ ತಂದ ಮೇಲೆ ಅವಸರದ ತಿಂಡಿಗೆ ಮನೆಗಳಲ್ಲೂ ಮರ್ಯಾದೆ ಬಂತು.

ಮುಂದೆ ಅಡುಗೆ ಅನಿಲ ಬಂದು ಒಲೆಯ ಹೊಗೆ ಹೋಯಿತು, ಹೊಗೆಯೊಂದಿಗೆ ಅಟ್ಟದ ಉಪಯೋಗವೂ. ಮಳೆ ಮಾತ್ರ ಹಾಗೆಯೇ ಉಳಿಯಿತು: 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದಾಗ ಮನೆಯಲ್ಲಿದ್ದುದೇ ಆಹಾರ.

ಅಂಥ ದಿನಗಳಿಗೆಂದು ತರಕಾರಿಯನ್ನು ಮನೆಯಲ್ಲಿ ಒಣಗಿಸುವ ಕ್ರಮ ಸರಳ, ಆದರೆ ಉದಾಸೀನವನ್ನು ಸಹಿಸುವುದಿಲ್ಲ. ಕ್ಯಾರೆಟ್, ಬೀನ್ಸ್, ಎಲೆಕೋಸುಗಳನ್ನು ಒಂದೇ ಗಾತ್ರಕ್ಕೆ ಸಣ್ಣಗೆ ಹೆಚ್ಚಿ, ಬಟಾಣಿಯನ್ನು ಸುಲಿದು, ಕುದಿವ ನೀರಿನಲ್ಲಿ ಎರಡು-ಮೂರು ನಿಮಿಷ ಹಾಕಿ ತೆಗೆಯಬೇಕು. ಬಣ್ಣ, ರುಚಿ ಕೆಡಿಸುವ ಕಿಣ್ವಗಳು ಇದರಿಂದ ಸುಮ್ಮನಾಗುತ್ತವೆ. ಆಮೇಲೆ ತೆಳುಬಟ್ಟೆ ಮುಚ್ಚಿ ಬಿಸಿಲಿಗೆ, ಇಲ್ಲವೇ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿಯ ಪೆಟ್ಟಿಗೆಗೆ. ಹತ್ತು ಕಿಲೋ ಕ್ಯಾರೆಟ್ ಒಣಗಿ ಸುಮಾರು ಒಂದು ಕಿಲೋ ಆಗುತ್ತದೆ. ಸಿ ಜೀವಸತ್ವ ಬಹುಪಾಲು ಹೋಗುತ್ತದೆ. ನಾರು, ಖನಿಜಾಂಶ ಉಳಿಯುತ್ತವೆ. ಮಳೆಗಾಲದ ಗಾಳಿಯ ತೇವವನ್ನು ಒಣ ಚೂರುಗಳು ಬೇಗ ಹೀರಿಕೊಳ್ಳುವುದರಿಂದ ದೊಡ್ಡ ಡಬ್ಬಿಗಿಂತ ಗಾಳಿಯಾಡದ ಸಣ್ಣ ಬಾಟಲಿಗಳೇ ಮೇಲು. ಮುರಿದಾಗ ಚಟಕ್ಕೆನ್ನದ, ಬಾಗುವ ಚೂರು ಬೂಸಲು ಹಿಡಿಯುತ್ತದೆ.

ಬೆಳಿಗ್ಗೆಯ ಕೆಲಸ ಸಣ್ಣದು. ಒಂದು ಹಿಡಿ ಚೂರು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆದರೆ ಸಾಕು. ಅಷ್ಟರಲ್ಲಿ ರವೆ ಹುರಿದು, ಒಗ್ಗರಣೆ ಆಗಿರುತ್ತದೆ. ನೆನೆಸಿದ ನೀರನ್ನು ಚೆಲ್ಲದೆ ಉಪ್ಪಿಟ್ಟಿಗೇ ಹಾಕಿದರೆ ಸಿಹಿ ಉಳಿಯುತ್ತದೆ. ಶಾವಿಗೆ, ಅವಲಕ್ಕಿಗೂ ಇದು ಹೊಂದುತ್ತದೆ. ಒಣ ಮೆಂತ್ಯ ಸೊಪ್ಪಾದರೆ ನೆನೆಸುವುದೂ ಬೇಡ, ಹಿಟ್ಟಿಗೆ ಉದುರಿಸಿದರಾಯಿತು.

ಕೊಡಗಿನ ಸ್ವಂತ ತಿಂಡಿಗಳ ವಿಷಯ ಬೇರೆ. ಅನ್ನ ನಾದಿ ತಟ್ಟುವ ಅಕ್ಕಿ ಒಟ್ಟಿಗೂ ಅಕ್ಕಿ ತರಿಯ ಕಡಂಬುಟ್ಟಿಗೂ ತರಕಾರಿ ಬೆರೆಸಿದರೆ ಅವುಗಳ ಬಿಳಿ ಮೃದುತ್ವ ಕೆಡುತ್ತದೆ. ಅಲ್ಲಿ ಒಣ ತರಕಾರಿಯ ಜಾಗ ಪಕ್ಕದ ಬಟ್ಟಲಿನ ಸಾರಿನಲ್ಲಿ, ಕೊನೆಗೆ ಒಂದೆರಡು ತೊಟ್ಟು ಕಾಚಂಪುಳಿಯೊಂದಿಗೆ.